ಮಗುವಿನ ಬೆಳವಣಿಗೆಯಲ್ಲಿ ವಂಶದ ಪಾಲೆಷ್ಟು?

ಪ್ರತಿ ವರ್ಷ ಜೂನ್ ತಿಂಗಳಲ್ಲಿ ನಮ್ಮ ಶಾಲೆಯ ಜಗಲಿಯಲ್ಲಿ ಮಕ್ಕಳ ಎತ್ತರ ತೂಕಗಳನ್ನು ಅಳೆದು ದಾಖಲೆ ಪುಸ್ತಕದಲ್ಲಿ ಬರೆದಿಡುವ ಪದ್ಧತಿಯಿರುವುದು ಎಲ್ಲರೂ ಬಲ್ಲ ವಿಷಯವೇ. ಅಂದು ಸಾಲಿನಲ್ಲಿ ನಿಂತ ಹುಡುಗರು ಹಿಮ್ಮಡಿಯನ್ನು ಮೆಲ್ಲನೆ ಎತ್ತಿ ಒಂದೆರಡು ಸೆಂಟಿಮೀಟರು ಹೆಚ್ಚು ಗಳಿಸಲೆತ್ನಿಸುವುದೂ, ಅಧ್ಯಾಪಕರು ಅದನ್ನು ಕಂಡುಹಿಡಿಯುವುದೂ ವರ್ಷಂಪ್ರತಿ ನಡೆಯುವ ವಿನೋದ. ಆದರೆ ಆ ಅಂಕೆಗಳನ್ನು ತಂದೆತಾಯಿಗಳಿಗೆ ತೋರಿಸಿದಾಗ ಬರುವ ಉತ್ತರವು ವಿನೋದದ್ದಲ್ಲ. "ನಮ್ಮ ಕುಟುಂಬದಲ್ಲಿ ಎತ್ತರದವರು ಯಾರೂ ಇಲ್ಲ ಮಾಷ್ಟ್ರೇ, ಇವನೊಬ್ಬ ಎಲ್ಲಿಂದ ಬೆಳೆದಾನು?" ಎನ್ನುವರು ಕೆಲವರು. "ಮಗಳು ದಪ್ಪಗಿರುವುದು ತಾಯಿಯ ಕಡೆಯಿಂದ ಬಂದದ್ದು" ಎನ್ನುವರು ಇನ್ನು ಕೆಲವರು. ಹಾಗೆನ್ನುವವರು ಸಾಮಾನ್ಯವಾಗಿ ತಂದೆಯ ಕಡೆಯವರೇ ಆಗಿರುತ್ತಾರೆ. ಈ ಮಾತುಗಳಲ್ಲಿ ಸತ್ಯಾಂಶವಿಲ್ಲದಿಲ್ಲ. ಅದು ಎಷ್ಟು, ಎಲ್ಲಿಯವರೆಗೆ ಎಂಬುದನ್ನು ಇಲ್ಲಿ ವಿಚಾರಿಸೋಣ.

ಮೇಲಿನ ತರಗತಿಯ ವಿದ್ಯಾರ್ಥಿಗಳು ಮೆಂಡಲನ ಬಟಾಣಿ ಗಿಡಗಳ ಕಥೆಯನ್ನು ಓದಿರುತ್ತಾರೆ. ಆತನು 1866ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಎತ್ತರದ ಗಿಡವನ್ನೂ ಕುಳ್ಳ ಗಿಡವನ್ನೂ ಕೂಡಿಸಿದಾಗ ಮೊದಲ ತಲೆಮಾರಿನಲ್ಲಿ ಎಲ್ಲವೂ ಎತ್ತರವೇ ಆದುವೆಂದೂ, ಅವುಗಳ ಸಂತಾನವಾದ 1064 ಗಿಡಗಳಲ್ಲಿ 787 ಎತ್ತರವಾಗಿಯೂ 277 ಕುಳ್ಳಾಗಿಯೂ ಬೆಳೆದುವೆಂದೂ ಹೇಳಿದೆ. ಅಲ್ಲಿ ನಡುವಿನ ಗಾತ್ರವೆಂಬುದೇ ಇಲ್ಲ. ಮನುಷ್ಯರ ವಿಷಯದಲ್ಲಿ ಹೀಗಿದೆಯೇ? ನಿಮ್ಮ ತರಗತಿಯನ್ನೇ ಒಮ್ಮೆ ಕಣ್ಣಾಡಿಸಿ ನೋಡಿರಿ. ಎತ್ತರ, ಕುಳ್ಳು ಎಂದು ಎರಡೇ ಗುಂಪುಗಳಾಗಿ ವಿಂಗಡಿಸಲು ಯಾರಿಂದಲೂ ಸಾಧ್ಯವಿಲ್ಲ. ಒಬ್ಬನಿಂದೊಬ್ಬನಿಗೆ ಬೆರಳಗಲದ ಅಂತರದಲ್ಲಿ ಸಾಲು ಏರುತ್ತ ಹೋಗುತ್ತದೆ.

ಈ ಸಾಲನ್ನು ಲೆಕ್ಕಕ್ಕೆ ಹಿಡಿದವನು ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್. ಆತನು 205 ದಂಪತಿಗಳ ಮತ್ತು ಅವರ 928 ಮಂದಿ ಪ್ರಾಯಕ್ಕೆ ಬಂದ ಮಕ್ಕಳ ಎತ್ತರಗಳನ್ನು ಸಂಗ್ರಹಿಸಿ 1886ರಲ್ಲಿ ಪ್ರಕಟಿಸಿದನು. ಎತ್ತರದವರ ಮಕ್ಕಳು ಎತ್ತರವೇ. ಆದರೆ ಸರಾಸರಿಯಲ್ಲಿ ತಂದೆತಾಯಿಗಳಷ್ಟಲ್ಲ. ಕುಳ್ಳರ ಮಕ್ಕಳು ಕುಳ್ಳೇ, ಆದರೆ ಅವರಷ್ಟಲ್ಲ. ತಂದೆತಾಯಿಗಳು ಜನಸಾಮಾನ್ಯರ ಮಟ್ಟದಿಂದ ಎಷ್ಟು ದೂರವಿರುವರೋ ಅದರ ಮೂರರಲ್ಲಿ ಎರಡು ಪಾಲಿನಷ್ಟು ದೂರದಲ್ಲಿ ಮಕ್ಕಳು ನಿಲ್ಲುವರೆಂದು ಆತನ ಗಣನೆ. (ಜನಾಂಗವನ್ನು "ಸುಧಾರಿಸ"ಬೇಕೆಂದು ಈತನು ಹೇಳಿದ ಇತರ ಮಾತುಗಳು ಮುಂದೆ ಮಹಾ ಅನರ್ಥಕ್ಕೆ ದಾರಿಯಾದುವು. ಅಳತೆಯನ್ನು ಸ್ವೀಕರಿಸಿ ಆ ಉಪದೇಶವನ್ನು ಬಿಡುವುದೇ ಲೇಸು.) ಮೆಂಡಲನ ನಿಯಮಕ್ಕೂ ಗಾಲ್ಟನನ ಸಾಲಿಗೂ ಇದ್ದ ವಿರೋಧವನ್ನು 1918ರಲ್ಲಿ ಆರ್. ಎ. ಫಿಶರನು ಪರಿಹರಿಸಿದನು. ಒಂದು ಜೀನಿನ ಬದಲು ಅನೇಕ ಜೀನುಗಳು, ಪ್ರತಿಯೊಂದೂ ಮೆಂಡಲನ ನಿಯಮದಂತೆಯೇ ನಡೆದು, ತಲಾ ಅತ್ಯಲ್ಪ ಪರಿಣಾಮ ಮಾಡಿದರೆ ಇಂತಹ ಏರುಸಾಲು ತಾನಾಗಿ ಉಂಟಾಗುವುದೆಂದು ಗಣಿತದಿಂದ ತೋರಿಸಿದನು.

ಆ "ಅನೇಕ" ಎಂದರೆ ಎಷ್ಟು? 2022ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ಸುಮಾರು 54 ಲಕ್ಷ ಜನರ ಅನುವಂಶಿಕ ದ್ರವ್ಯವನ್ನು ಪರಿಶೀಲಿಸಿ, ಎತ್ತರಕ್ಕೆ ಸಂಬಂಧಿಸಿದ 12,111 ವ್ಯತ್ಯಾಸಗಳನ್ನು ಗುರುತಿಸಿದ್ದಾರೆ. ನಮ್ಮೂರ ಜಾತ್ರೆಯ ತೇರನ್ನು ನೆನೆಯಿರಿ. ಹಗ್ಗಕ್ಕೆ ಸಾವಿರ ಕೈಗಳು. ಕೆಲವರು ಮುಂದಕ್ಕೆಳೆಯುವರು, ಕೆಲವರ ಕೈ ಸಡಿಲ, ಹಿಂದೆ ಜಗ್ಗುವವರೂ ಉಂಟು. ಒಬ್ಬನ ಬಲದಿಂದ ತೇರು ಸಾಗಿತೆಂದು ಹೇಳಲಾಗದು. ತಂದೆಯಿಂದ ಅರ್ಧ, ತಾಯಿಯಿಂದ ಅರ್ಧ ಜನರು ಬಂದು ಪ್ರತಿ ಮಗುವಿನಲ್ಲಿಯೂ ಹೊಸದೊಂದು ಗುಂಪು ಕೂಡುತ್ತದೆ. ಆದುದರಿಂದಲೇ ಒಂದೇ ಮನೆಯ ಅಣ್ಣತಮ್ಮಂದಿರು ಸಮನಾಗಿರುವುದಿಲ್ಲ. ಆದರೆ ತೇರು ಎಷ್ಟು ದೂರ ಹೋಯಿತೆಂಬುದು ಎಳೆಯುವವರನ್ನು ಮಾತ್ರ ಹೊಂದಿಲ್ಲ; ಬೀದಿ ಗಟ್ಟಿ ನೆಲವೋ ಕೆಸರೋ ಎಂಬುದನ್ನೂ ಹೊಂದಿದೆ.

ಮನೆಯಲ್ಲಿ ಮಾಡಬಹುದಾದ ಒಂದು ಲೆಕ್ಕವನ್ನು ಹೇಳುವೆನು. ತಂದೆತಾಯಿಗಳ ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಕೂಡಿಸಿ, ಗಂಡುಮಗುವಾದರೆ 13 ಸೇರಿಸಿ, ಹೆಣ್ಣಾದರೆ 13 ಕಳೆದು, ಎರಡರಿಂದ ಭಾಗಿಸಬೇಕು. ತಂದೆ 168, ತಾಯಿ 150 ಆಗಿದ್ದರೆ ಮಗನಿಗೆ 165.5, ಮಗಳಿಗೆ 152.5 ಬರುತ್ತದೆ. ಇದು ಜಾತಕವಲ್ಲ. ಈ ಅಂಕೆಯಿಂದ ಎಂಟು ಹತ್ತು ಸೆಂಟಿಮೀಟರು ಮೇಲೆ ಕೆಳಗೆ ಆಗುವುದು ಸಹಜ. ಇನ್ನೊಂದು ತೊಡಕೂ ಉಂಟು: ತಂದೆತಾಯಿಗಳೇ ಬಾಲ್ಯದಲ್ಲಿ ಹೊಟ್ಟೆತುಂಬ ಉಣ್ಣದೆ ಬೆಳೆದವರಾಗಿದ್ದರೆ, ಅವರ ಎತ್ತರವು ಅವರ ವಂಶದ ನಿಜವಾದ ಅಳತೆಯಲ್ಲ.

ಇನ್ನು ತೂಕದ ವಿಷಯ. ಅಮೆರಿಕದ ಜ್ಯಾಕ್ಸನ್ ಪ್ರಯೋಗಶಾಲೆಯಲ್ಲಿ 1949ರಲ್ಲಿ ತಿಂದಷ್ಟೂ ತೃಪ್ತಿಯಿಲ್ಲದೆ ಮಿತಿಮೀರಿ ಕೊಬ್ಬುವ ಇಲಿಗಳ ಒಂದು ಸಂತತಿ ಕಾಣಿಸಿಕೊಂಡಿತು. 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ಮತ್ತು ಸಂಗಡಿಗರು ಕಾರಣವನ್ನು ಕಂಡುಹಿಡಿದರು. ದೇಹದ ಕೊಬ್ಬು ಲೆಪ್ಟಿನ್ ಎಂಬ ರಸವನ್ನು ರಕ್ತಕ್ಕೆ ಬಿಟ್ಟು "ಸಂಗ್ರಹ ಸಾಕಷ್ಟಿದೆ" ಎಂದು ಮಿದುಳಿಗೆ ಸುದ್ದಿ ಕಳುಹಿಸುತ್ತದೆ. ಆ ಇಲಿಗಳಲ್ಲಿ ಅದನ್ನು ತಯಾರಿಸುವ ಜೀನೇ ಕೆಟ್ಟಿತ್ತು. 1997ರಲ್ಲಿ ಕೇಂಬ್ರಿಜ್ಜಿನ ವೈದ್ಯರು ಇದೇ ದೋಷವುಳ್ಳ ಇಬ್ಬರು ಮಕ್ಕಳನ್ನು ಕಂಡರು. ಎಂಟು ವರ್ಷದ ಹುಡುಗಿಯ ತೂಕ 86 ಕಿಲೋ. ಎರಡು ವರ್ಷದ ಹುಡುಗನದು 29 ಕಿಲೋ. ಹುಟ್ಟುವಾಗ ಇಬ್ಬರೂ ಸಾಧಾರಣ ಶಿಶುಗಳೇ. ಲೆಪ್ಟಿನ್ನನ್ನು ಚುಚ್ಚುಮದ್ದಾಗಿ ಕೊಡತೊಡಗಿದ ಮೇಲೆ ಹುಡುಗಿಯ ಹಸಿವು ಇಳಿಯಿತು. ಒಂದು ವರ್ಷದಲ್ಲಿ 16 ಕಿಲೋ ತೂಕ ಕರಗಿತೆಂದು 1999ರಲ್ಲಿ ವರದಿಯಾಯಿತು. ಅಲ್ಲಿಯವರೆಗೆ ಆ ಮಗುವನ್ನು ಹೊಟ್ಟೆಬಾಕಿಯೆಂದು ಜರೆದವರು ಎಷ್ಟು ಮಂದಿಯಿದ್ದರೋ!

ಇಂತಹ ದೋಷ ಅತಿ ವಿರಳ. ಉಳಿದವರಲ್ಲಿ ತೂಕವೂ ಎತ್ತರದಂತೆ ನೂರಾರು ಜೀನುಗಳ ಕೂಡುಕೆಲಸ. 2007ರಲ್ಲಿ ಪತ್ತೆಯಾದ ಎಫ್.ಟಿ.ಓ. ಎಂಬ ಜೀನಿನ ಒಂದು ರೂಪವನ್ನು ತಂದೆತಾಯಿಗಳಿಬ್ಬರಿಂದಲೂ ಪಡೆದ ಯುರೋಪಿನ ಜನರು, ಪಡೆಯದವರಿಗಿಂತ ಸರಾಸರಿ 3 ಕಿಲೋ ಮಾತ್ರ ಹೆಚ್ಚು ತೂಗುತ್ತಿದ್ದರು. ಹುಟ್ಟಿನ ತೂಕದಲ್ಲಿ ಅದರ ಪ್ರಭಾವವಿಲ್ಲ. ಏಳು ವರ್ಷದ ಹೊತ್ತಿಗೆ ವ್ಯತ್ಯಾಸ ಕಂಡುಬಂದಿತ್ತು. ಇಂತಹ ಜೀನುಗಳು ಬಹುಮಟ್ಟಿಗೆ ಹಸಿವು ತೃಪ್ತಿಗಳ ಮೂಲಕವೇ ಕೆಲಸ ಮಾಡುತ್ತವೆ. ಒಂದೇ ಬಾಳೆಲೆಯ ಊಟದಲ್ಲಿ ಒಬ್ಬನಿಗೆ "ಸಾಕು" ಎಂಬ ಭಾವನೆ ಬೇಗ ಬರುವುದು, ಮತ್ತೊಬ್ಬನಿಗೆ ತಡವಾಗಿ. ಆದುದರಿಂದ ದಪ್ಪಗಿರುವ ಸಹಪಾಠಿಗೆ ಅಡ್ಡಹೆಸರಿಡುವ ಹುಡುಗರು ಅವನ ಶೀಲವನ್ನಲ್ಲ, ಅವನು ಆರಿಸಿಕೊಳ್ಳದ ಹಸಿವನ್ನು ಹಾಸ್ಯಮಾಡುತ್ತಿದ್ದಾರೆ. ಆದರೂ ಅಂಗಡಿಯ ಕರಿದ ತಿಂಡಿ, ಸಿಹಿ ಪಾನೀಯಗಳು ಅಷ್ಟಾಗಿ ಸಿಗದಿದ್ದ ಕಾಲದಲ್ಲಿ ಇದೇ ಜೀನುಗಳು ನಮ್ಮ ಅಜ್ಜಂದಿರಲ್ಲಿಯೂ ಇದ್ದುವು. ಆಗ ಅವಕ್ಕೆ ಅವಕಾಶ ದೊರೆತಿರಲಿಲ್ಲ.

ಈಗ ತೇರುಬೀದಿಯ ವಿಚಾರಕ್ಕೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆಯವರು 1997ರಿಂದ 2003ರವರೆಗೆ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಓಮಾನ್, ಅಮೆರಿಕ ಈ ಆರು ದೇಶಗಳಲ್ಲಿ ಸುಮಾರು 8,500 ಮಕ್ಕಳನ್ನು ಅಳೆದರು. ತಾಯಿಯ ಹಾಲುಂಡ, ಮೇಲೆ ಒಳ್ಳೆಯ ಆಹಾರ ಪಡೆದ, ಶುಚಿಯಾದ ಮನೆಗಳಲ್ಲಿ ಬೆಳೆದ ಮಕ್ಕಳನ್ನೇ ಆರಿಸಿದ್ದರು. ಭಾರತದ ಮಕ್ಕಳು ದಕ್ಷಿಣ ದೆಹಲಿಯವರು. ಐದು ವರ್ಷದವರೆಗೆ ಈ ಆರು ದೇಶಗಳ ಮಕ್ಕಳು ಬಹುತೇಕ ಒಂದೇ ಸಮನಾಗಿ ಬೆಳೆದರು! ಹಾಗಿರಲು, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35.5 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರೆಂದು ಕಂಡುಬಂದುದಕ್ಕೆ ವಂಶವನ್ನು ದೂಷಿಸುವುದು ಹೇಗೆ? ದಕ್ಷಿಣ ಕೊರಿಯಾದಲ್ಲಿ 1896ರಲ್ಲಿ ಹುಟ್ಟಿದ ಸ್ತ್ರೀಯರಿಗಿಂತ 1996ರಲ್ಲಿ ಹುಟ್ಟಿದವರು ಸರಾಸರಿ 20 ಸೆಂಟಿಮೀಟರು ಎತ್ತರ. ನೂರು ವರ್ಷಗಳಲ್ಲಿ ಒಂದು ಜನಾಂಗದ ಜೀನುಗಳು ಇಷ್ಟು ಬದಲಾಗಲಾರವು. ಬದಲಾದದ್ದು ತಟ್ಟೆಯಲ್ಲಿನ ಅನ್ನ, ಕುಡಿಯುವ ನೀರು, ರೋಗರುಜಿನ. ಗಂಡಸರ ಊಟವಾದ ಮೇಲೆ ಉಳಿದುದನ್ನು ಹೆಣ್ಣುಮಕ್ಕಳಿಗೆ ಬಡಿಸುವ ಮನೆಗಳು ನಮ್ಮಲ್ಲಿ ಇನ್ನೂ ಇವೆಯೆಂಬುದನ್ನು ಇಲ್ಲಿ ಹೇಳದೆ ಇರಲಾರೆ.

ಬೆಳವಣಿಗೆಯನ್ನು ತಿಳಿಯಲು ಒಂದು ಅಳತೆ ಸಾಲದು. ಅಳತೆಗಳ ಸಾಲು ಬೇಕು. ಫ್ರಾನ್ಸಿನ ಮೊಂಬೆಯಾರ್ ಎಂಬಾತನು 1759ರಲ್ಲಿ ಹುಟ್ಟಿದ ತನ್ನ ಮಗನನ್ನು ಹದಿನೆಂಟು ವರ್ಷದವರೆಗೆ ಸುಮಾರು ಆರು ತಿಂಗಳಿಗೊಮ್ಮೆ ಅಳೆದು ಬರೆದಿಟ್ಟನು. ಮೊದಲು ಭರದಿಂದ, ನಡುವೆ ನಿಧಾನವಾಗಿ, ಹದಿನಾಲ್ಕರ ಆಸುಪಾಸಿನಲ್ಲಿ ಮತ್ತೊಮ್ಮೆ ಒಮ್ಮೆಲೇ ಬೆಳೆಯುವ ಕ್ರಮ ಆ ಬರಹದಲ್ಲಿಯೇ ಕಾಣುತ್ತದೆ. ಹೆಣ್ಣುಮಕ್ಕಳಲ್ಲಿ ಈ ಎರಡನೆಯ ಭರ ಸುಮಾರು ಎರಡು ವರ್ಷ ಮುಂಚೆ ಬರುವುದರಿಂದ, ಆರನೆಯ ತರಗತಿಯಲ್ಲಿ ತಂಗಿಗಿಂತ ಗಿಡ್ಡನಾದ ಅಣ್ಣನು ವ್ಯಥೆಪಡಬೇಕಾಗಿಲ್ಲ. ನಾಲ್ಕು ವರ್ಷ ದಾಟಿದ ಮೇಲೆ ಆ ಭರ ಬರುವವರೆಗೆ ಮಗು ವರ್ಷಕ್ಕೆ ಐದಾರು ಸೆಂಟಿಮೀಟರು ಬೆಳೆಯಬೇಕು. ನಾಲ್ಕಕ್ಕಿಂತ ಕಡಮೆಯಾದರೆ ವೈದ್ಯರಿಗೆ ತೋರಿಸುವುದು ಯುಕ್ತ. ಕುಳ್ಳ ವಂಶದ ಆರೋಗ್ಯವಂತ ಮಗು ಕೂಡ ತನ್ನ ಗೆರೆಯ ಮೇಲೆ ತಪ್ಪದೆ ಏರುತ್ತಲೇ ಇರುತ್ತದೆ, ನಿಂತುಬಿಡುವುದಿಲ್ಲ.

ಇದನ್ನು ನಾನು ತಡವಾಗಿ ಕಲಿತೆನು. ಕೆಲವು ವರ್ಷಗಳ ಹಿಂದೆ ಐದನೆಯ ತರಗತಿಯಲ್ಲಿ 121 ಸೆಂಟಿಮೀಟರು ಇದ್ದ ಹುಡುಗಿಯೊಬ್ಬಳು ಆರರಲ್ಲಿ 123, ಏಳರಲ್ಲಿ 124 ಆದಳು. ತೂಕ ಮಾತ್ರ ಏರುತ್ತಿತ್ತು. ತರಗತಿಯಲ್ಲಿ ತೂಕಡಿಸುವಳೆಂದು ಆಕ್ಷೇಪವೂ ಇತ್ತು. ಸೋಮಾರಿಯೆಂದು ನಾನೇ ಗದರಿಸಿದ್ದೆನು. "ನಾವೆಲ್ಲ ಕುಳ್ಳರೇ ಮಾಷ್ಟ್ರೇ" ಎಂದು ತಂದೆ ಹೇಳಿದುದನ್ನು ನಂಬಿ ಸುಮ್ಮನಾದೆನು. ತಿಂದು ದಪ್ಪವಾಗುವ ಮಗು ಸಾಮಾನ್ಯವಾಗಿ ಎತ್ತರದಲ್ಲಿಯೂ ಮುಂದಿರುತ್ತದೆಂಬುದು ಆಗ ನನಗೆ ತಿಳಿಯದು. ಶಾಲೆಗೆ ಬಂದ ಆರೋಗ್ಯ ಶುಶ್ರೂಷಕಿಯು ಹಿಂದಿನ ವರ್ಷಗಳ ಪುಟಗಳನ್ನು ತೆಗೆಸಿ ನೋಡಿ, ಮೂರು ಅಂಕೆಗಳ ಕೆಳಗೆ ಪೆನ್ಸಿಲಿನಿಂದ ಗೆರೆಯೆಳೆದು, ರಕ್ತಪರೀಕ್ಷೆ ಮಾಡಿಸಲು ಹೇಳಿದರು. ಥೈರಾಯಿಡ್ ಗ್ರಂಥಿಯ ಕೊರತೆಯೆಂದು ತಿಳಿದುಬಂತು. ಪ್ರತಿದಿನ ಬೆಳಗ್ಗೆ ಒಂದು ಸಣ್ಣ ಮಾತ್ರೆ, ಅಷ್ಟೇ ಚಿಕಿತ್ಸೆ. ಎಂಟನೆಯ ತರಗತಿಯ ಜೂನ್ ತಿಂಗಳಲ್ಲಿ ಅವಳ ಹೆಸರಿನ ಮುಂದೆ 133 ಎಂದು ಬರೆದೆವು.

ಆ ಪುಸ್ತಕಗಳನ್ನೆಲ್ಲ ಈಗ ಕಚೇರಿಯ ಕಪಾಟಿನಲ್ಲಿ ವರ್ಷವಾರು ಇರಿಸಲಾಗಿದೆ. ಪೋಷಕರು ಶಾಲೆ ಇರುವ ಯಾವ ದಿನವಾದರೂ ಬಂದು ತಮ್ಮ ಮಗುವಿನ ಹಿಂದಿನ ಪುಟಗಳನ್ನೂ ಕೇಳಿ ನೋಡಬಹುದು.