ಬೆನ್ನಿಗೆ ಗಾಳಿ, ಹೆಗಲಿಗೆ ಹಗುರ: ಹಗಲು ಚಾರಣಕ್ಕೆ ಬೆನ್ನುಚೀಲದ ಆಯ್ಕೆ

ತರಗತಿ: 8 ಮತ್ತು 9
ವಿಷಯ ಸಮನ್ವಯ: ಕನ್ನಡ, ಭೌತವಿಜ್ಞಾನ, ಆರೋಗ್ಯ ಶಿಕ್ಷಣ
ಅವಧಿ: 45 ನಿಮಿಷಗಳ 3 ಪಾಠಗಳು
ಸಾಮಗ್ರಿ: ದರ್ಜಿಯ ಅಳತೆಪಟ್ಟಿ, ತಕ್ಕಡಿ, ಎರಡು ಹತ್ತಿಬಟ್ಟೆಯ ತುಂಡುಗಳು, ಪ್ಲಾಸ್ಟಿಕ್ ಹೊದಿಕೆ ಹಾಕಿದ ಎರಡು ಪುಸ್ತಕಗಳು, ಎರಡು ಪೆನ್ಸಿಲ್, ಮನೆಯಿಂದ ತಂದ ಬಗೆಬಗೆಯ ಚೀಲಗಳು

ಪೀಠಿಕೆ

ಬಶೀರಾಬಾದ್ ಮತ್ತು ತಾಂಡೂರು ಭಾಗದ ಶಾಲೆಗಳಿಗೆ ಒಂದು ದಿನದ ಹೊರಸಂಚಾರವೆಂದರೆ ಮೊದಲು ನೆನಪಾಗುವುದು ಅನಂತಗಿರಿ ಬೆಟ್ಟ. ತಾಂಡೂರಿನಿಂದ ರೈಲಿನಲ್ಲಿ ವಿಕಾರಾಬಾದನ್ನು ತಲಪಿದರೆ ಬೆಟ್ಟ ಸಮೀಪದಲ್ಲಿದೆ. ಮೂಸಿ ನದಿಯ ಉಗಮ, ಅನಂತಪದ್ಮನಾಭಸ್ವಾಮಿ ದೇವಾಲಯ, ಕಾಡಿನ ಕಾಲುದಾರಿ ಎಲ್ಲವೂ ಅಲ್ಲಿ ಒಂದೆಡೆ ದೊರೆಯುತ್ತವೆ. ಗಡಿಯ ಆಚೆಗೆ ಚಿಂಚೋಳಿಯ ವನ್ಯಜೀವಿಧಾಮ ಮತ್ತು ಚಂದ್ರಂಪಳ್ಳಿ ಜಲಾಶಯಗಳಿವೆ. ಇಂತಹ ಸಂಚಾರಕ್ಕೆ ಮುನ್ನ ಬುತ್ತಿ, ನೀರು, ಟೋಪಿ ಎಂದು ಪಟ್ಟಿ ಬರೆಸುವುದು ರೂಢಿ. ಅವೆಲ್ಲವನ್ನೂ ಹೊರುವ ಚೀಲದ ವಿಚಾರ ಆ ಪಟ್ಟಿಯಲ್ಲಿ ಬರುವುದು ವಿರಳ.

ಬಾಲಕಿಯರ ಮಟ್ಟಿಗೆ ಈ ಮರೆವಿನ ಪರಿಣಾಮ ಹೆಚ್ಚು. ಅಣ್ಣನ ಹಳೆಯ ಪಾಟಿಚೀಲವೋ ಒಂದೇ ಹೆಗಲಿಗೆ ತೂಗುವ ಕೈಚೀಲವೋ ಅವರ ಪಾಲಿಗೆ ಬರುತ್ತದೆ. ಅಳತೆಗೆ ಮೀರಿದ ಚೀಲ ಬೆನ್ನಿನಿಂದ ಜಾರಿ ಸೊಂಟದ ಕೆಳಗೆ ತೂಗಾಡುತ್ತದೆ. ಬೆನ್ನು ಬೆವರಿ ಬಟ್ಟೆ ಅಂಟಿಕೊಳ್ಳುತ್ತದೆ. ನಡೆಯುವ ಸಾಲಿನಲ್ಲಿ ಹಿಂದುಳಿದ ಬಾಲಕಿಗೆ ಶಕ್ತಿ ಸಾಲದೆಂದು ತೀರ್ಮಾನಿಸುವ ಮೊದಲು ಅವಳ ಬೆನ್ನಿನ ಮೇಲಿರುವುದೇನೆಂದು ನೋಡುವುದು ನ್ಯಾಯ. ಚೀಲವನ್ನು ಆರಿಸುವಾಗ ಅಳೆಯಬೇಕಾದುದು ಮೊದಲು ಬೆನ್ನು, ಅನಂತರ ಹೊರೆ, ಕೊನೆಗೆ ಚೀಲ ಎಂಬುದೇ ಈ ಪಾಠದ ತಿರುಳು.

ಕಲಿಕೆಯ ಉದ್ದೇಶಗಳು

1. ಒತ್ತಡ, ಆವಿಯಾಗುವಿಕೆ ಎಂಬ ಪರಿಕಲ್ಪನೆಗಳನ್ನು ನಿತ್ಯದ ವಸ್ತುವೊಂದಕ್ಕೆ ಅನ್ವಯಿಸುವುದು.
2. ತನ್ನ ಬೆನ್ನಿನ ಅಳತೆ ಮತ್ತು ಹೊರಬಹುದಾದ ತೂಕವನ್ನು ತಾನೇ ಲೆಕ್ಕಹಾಕುವುದು.
3. ಚೀಲದ ಭಾಗಗಳಿಗೆ ತಕ್ಕ ಕನ್ನಡ ಪದಗಳನ್ನು ಬಳಸಿ ಸಲಹಾಪತ್ರ ಬರೆಯುವುದು.

ಶಿಕ್ಷಕರಿಗೆ ಹಿನ್ನೆಲೆ

ಮಕ್ಕಳ ಬೆನ್ನಿನ ಹೊರೆ ಈ ದೇಶದ ಶಿಕ್ಷಣ ಚಿಂತನೆಯಲ್ಲಿ ಹೊಸ ವಿಷಯವಲ್ಲ. ಮೈಸೂರಿನಲ್ಲಿ ನೆಲೆಸಿದ್ದ ಕಾದಂಬರಿಕಾರ ಆರ್. ಕೆ. ನಾರಾಯಣ್ ಅವರು ರಾಜ್ಯಸಭೆಯ ಸದಸ್ಯರಾಗಿದ್ದಾಗ, 1989ರಲ್ಲಿ, ಶಾಲಾಚೀಲದ ಭಾರವನ್ನೇ ಕುರಿತು ಮಾತನಾಡಿದರು. ಪ್ರೊ. ಯಶಪಾಲ್ ಸಮಿತಿಯು 1993ರಲ್ಲಿ ಹೊರೆಯಿಲ್ಲದ ಕಲಿಕೆಯ ಕುರಿತ ವರದಿಯನ್ನು ನೀಡಿತು. ಕೇಂದ್ರದ 2020ರ ಶಾಲಾಚೀಲ ನೀತಿಯು ಚೀಲದ ತೂಕ ಮಗುವಿನ ದೇಹತೂಕದ ಶೇ. 10ನ್ನು ಮೀರಬಾರದೆಂದು ಸೂಚಿಸಿತು. ಈ ಮಿತಿಯನ್ನು ರೂಪಿಸಿದ್ದು ಶಾಲಾಚೀಲಕ್ಕಾಗಿ. ಬೆಟ್ಟ ಹತ್ತುವ ದಿನಕ್ಕೂ ಅದನ್ನೇ ಅಳತೆಗೋಲಾಗಿ ಇರಿಸಿಕೊಳ್ಳುವುದು ಕ್ಷೇಮಕರ.

ಮಹಿಳೆಯರಿಗೆಂದು ತಯಾರಾಗುವ ಬೆನ್ನುಚೀಲಗಳು ಬಣ್ಣದಲ್ಲಷ್ಟೇ ಬೇರೆಯಾಗಿದ್ದರೆ ಅವುಗಳಿಂದ ಪ್ರಯೋಜನವಿಲ್ಲ. ನಿಜವಾದ ವ್ಯತ್ಯಾಸ ಮೂರು ಕಡೆ ಇರುತ್ತದೆ. ಬೆನ್ನಿನ ಭಾಗದ ಉದ್ದ ಕಡಿಮೆ. ಹೆಗಲಪಟ್ಟಿಗಳ ನಡುವಿನ ಅಂತರ ಕಿರಿದು; ಪಟ್ಟಿಗಳು ಎದೆಯನ್ನು ಒತ್ತದಂತೆ ಬಾಗಿರುತ್ತವೆ. ಸೊಂಟದ ಪಟ್ಟಿಯು ಸೊಂಟದ ಮೂಳೆಯ ಇಳಿಜಾರಿಗೆ ಹೊಂದುವಂತೆ ಓರೆಯಾಗಿರುತ್ತದೆ. ಹೊರೆಯ ಬಹುಪಾಲನ್ನು ಹೆಗಲಿನಿಂದ ಸೊಂಟದ ಮೂಳೆಗೆ ಇಳಿಸುವುದೇ ಈ ಪಟ್ಟಿಯ ಕೆಲಸ.

ಗಾಳಿಯಾಡುವಿಕೆಯ ವಿಜ್ಞಾನ ಸರಳ. ಚರ್ಮದ ಮೇಲೆ ಒಂದು ಗ್ರಾಂ ಬೆವರು ಆವಿಯಾಗುವಾಗ ಸುಮಾರು 2,400 ಜೂಲ್ ಶಾಖವನ್ನು ಹೀರಿಕೊಂಡು ಹೋಗುತ್ತದೆ. ಬೆವರು ಆವಿಯಾಗದೆ ತೊಟ್ಟಿಕ್ಕಿದರೆ ಆ ತಂಪು ದೇಹಕ್ಕೆ ದಕ್ಕುವುದಿಲ್ಲ. ಬೆನ್ನಿಗೆ ಅಂಟಿದ ಚೀಲ ಆವಿಯ ದಾರಿಯನ್ನು ಮುಚ್ಚುತ್ತದೆ. ಇದಕ್ಕೆ ಪರಿಹಾರವಾಗಿ ತಯಾರಕರು ಎರಡು ವಿಧಾನಗಳನ್ನು ಅನುಸರಿಸುತ್ತಾರೆ. ಮೊದಲನೆಯದರಲ್ಲಿ ಬಾಗಿದ ಚೌಕಟ್ಟಿಗೆ ಜಾಲರಿಬಟ್ಟೆಯನ್ನು ಬಿಗಿದು, ಬೆನ್ನಿಗೂ ಚೀಲಕ್ಕೂ ನಡುವೆ ಗಾಳಿಯ ತೆರಪನ್ನು ಬಿಡಲಾಗುತ್ತದೆ. ಎರಡನೆಯದರಲ್ಲಿ ಮೆತ್ತೆಗಳ ನಡುವೆ ಕಾಲುವೆಯಂತಹ ತಗ್ಗುಗಳಿರುತ್ತವೆ. ಮೊದಲನೆಯದರಲ್ಲಿ ಗಾಳಿ ಹೆಚ್ಚು. ಆದರೆ ಚೌಕಟ್ಟಿನಿಂದ ತೂಕ ಹೆಚ್ಚುತ್ತದೆ, ಹೊರೆ ಬೆನ್ನಿನಿಂದ ದೂರ ಸರಿದು ಹಿಂದಕ್ಕೆ ಎಳೆಯುತ್ತದೆ. ಎರಡನೆಯದು ಹಗುರ, ಆದರೆ ಬೆನ್ನು ಅಷ್ಟಿಷ್ಟು ನೆನೆಯುತ್ತದೆ.

ಚಟುವಟಿಕೆ 1: ಒಣಗುವುದು ಯಾವುದು?

ಬೆಳಗಿನ ಅವಧಿಯಲ್ಲಿ ಎರಡು ಸಮನಾದ ಬಟ್ಟೆಗಳಿಗೆ ಎರಡೆರಡು ಚಮಚ ನೀರು ಹಾಕಿ, ತೂಗಿ, ನೆಲದ ತಾಂಡೂರು ಕಲ್ಲಿನ ಮೇಲೆ ಕಿಟಕಿಯ ಬಳಿ ನೆರಳಿನಲ್ಲಿ ಹಾಸಬೇಕು. ಒಂದರ ಮೇಲೆ ಪ್ಲಾಸ್ಟಿಕ್ ಹೊದಿಕೆಯ ಪುಸ್ತಕವನ್ನು ನೇರವಾಗಿ ಇಡಬೇಕು. ಇನ್ನೊಂದರ ಎರಡು ಅಂಚುಗಳಲ್ಲಿ ಪೆನ್ಸಿಲುಗಳನ್ನು ಇರಿಸಿ, ಅವುಗಳ ಮೇಲೆ ಅಂತಹುದೇ ಪುಸ್ತಕವನ್ನು ಇಡಬೇಕು. ಮಧ್ಯಾಹ್ನ ಎರಡನ್ನೂ ಮತ್ತೆ ತೂಗಿ, ಯಾವುದು ಹೆಚ್ಚು ತೂಕ ಕಳೆದುಕೊಂಡಿತೆಂದು ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ. ಪೆನ್ಸಿಲಿನಷ್ಟು ತೆರಪೂ ಎಷ್ಟು ವ್ಯತ್ಯಾಸ ತರುತ್ತದೆ ಎಂಬ ಚರ್ಚೆ ಇಲ್ಲಿಂದ ಆರಂಭವಾಗಲಿ. ಇದೇ ಪ್ರಯೋಗವನ್ನು ಮಳೆಗಾಲದಲ್ಲೊಮ್ಮೆ, ಚಳಿಗಾಲದಲ್ಲೊಮ್ಮೆ ಮಾಡಿಸಿದರೆ ಗಾಳಿಯ ತೇವಾಂಶದ ಪಾತ್ರವೂ ತಿಳಿಯುತ್ತದೆ.

ಚಟುವಟಿಕೆ 2: ಬೆನ್ನಿನ ಅಳತೆ

ತಲೆಯನ್ನು ಮುಂದಕ್ಕೆ ಬಾಗಿಸಿದಾಗ ಕತ್ತಿನ ಬುಡದಲ್ಲಿ ಎದ್ದು ಕಾಣುವ ಮೂಳೆಯ ಗಂಟು ಅಳತೆಯ ಆರಂಭಬಿಂದು. ಎರಡೂ ಕೈಗಳನ್ನು ಸೊಂಟದ ಮೂಳೆಯ ಮೇಲಂಚಿನಲ್ಲಿ ಇರಿಸಿ ಹೆಬ್ಬೆರಳುಗಳನ್ನು ಹಿಂದಕ್ಕೆ ಚಾಚಿದರೆ, ಅವೆರಡನ್ನೂ ಸೇರಿಸುವ ರೇಖೆಯೇ ಕೊನೆಯ ಬಿಂದು. ಬೆನ್ನುಮೂಳೆಯ ಬಾಗನ್ನು ಅನುಸರಿಸಿ ಅಳತೆಪಟ್ಟಿಯನ್ನು ಹಿಡಿಯಬೇಕು. ಒಬ್ಬಳ ಬೆನ್ನಿನ ಉದ್ದ 40 ಸೆಂ.ಮೀ. ಇದ್ದು ಚೀಲ 48 ಸೆಂ.ಮೀ. ಬೆನ್ನಿಗೆ ಹೊಲಿದದ್ದಾದರೆ, ಸೊಂಟಪಟ್ಟಿ ಮೂಳೆಯ ಮೇಲೆ ಕೂರದೆ ಕೆಳಗೆ ಇಳಿಯುತ್ತದೆ. ಹೊರೆಯೆಲ್ಲ ಹೆಗಲಿಗೇ ಬೀಳುತ್ತದೆ. ಎತ್ತರ ಒಂದೇ ಆಗಿರುವ ಇಬ್ಬರ ಬೆನ್ನಿನ ಉದ್ದ ಬೇರೆ ಬೇರೆಯಾಗಿರಬಹುದು ಎಂಬುದನ್ನು ಈ ಚಟುವಟಿಕೆಯಲ್ಲಿ ಅವರೇ ಕಂಡುಕೊಳ್ಳುತ್ತಾರೆ.

ಶಿಕ್ಷಕರು ಗಮನಿಸತಕ್ಕದ್ದು: ಬಾಲಕಿಯರ ಅಳತೆಯನ್ನು ಬಾಲಕಿಯರೇ ಜೋಡಿಗಳಾಗಿ, ಸಮವಸ್ತ್ರದ ಮೇಲೆಯೇ, ಸಾಧ್ಯವಿದ್ದಲ್ಲಿ ಶಿಕ್ಷಕಿಯ ಸಮ್ಮುಖದಲ್ಲಿ ತೆಗೆಯಬೇಕು. ಯಾರ ತೂಕವನ್ನೂ ಅಳತೆಯನ್ನೂ ಗಟ್ಟಿಯಾಗಿ ಓದಬಾರದು, ಫಲಕದ ಮೇಲೆ ಬರೆಯಬಾರದು. ಪ್ರತಿಯೊಬ್ಬಳೂ ತನ್ನ ಪುಸ್ತಕದಲ್ಲಿ ಬರೆದುಕೊಂಡರೆ ಸಾಕು. ಲೆಕ್ಕಕ್ಕೆ ಶಿಕ್ಷಕರು ಕಲ್ಪಿತ ಅಂಕಿಗಳನ್ನು ಬಳಸಬೇಕು.

ಚಟುವಟಿಕೆ 3: ಹೊರೆಯ ಲೆಕ್ಕ

36 ಕಿ.ಗ್ರಾಂ ತೂಕದ ವಿದ್ಯಾರ್ಥಿನಿಯೊಬ್ಬಳನ್ನು ಊಹಿಸಿಕೊಳ್ಳಬೇಕು. ಅವಳ ಮಿತಿ 3.6 ಕಿ.ಗ್ರಾಂ. ಸಾಮಾನುಗಳ ಪಟ್ಟಿ ಹೀಗಿರಲಿ:

ಒಂದೂವರೆ ಲೀಟರ್ ನೀರು, ಬಾಟಲಿಗಳ ಸಹಿತ: 1.6 ಕಿ.ಗ್ರಾಂ
ರೊಟ್ಟಿ, ಶೇಂಗಾ ಹಿಂಡಿ, ಹಣ್ಣು: 0.4 ಕಿ.ಗ್ರಾಂ
ಕೊಡೆ: 0.3 ಕಿ.ಗ್ರಾಂ
ಟೋಪಿ, ಟಿಪ್ಪಣಿ ಪುಸ್ತಕ, ಲೇಖನಿ: 0.2 ಕಿ.ಗ್ರಾಂ
ಸ್ವಂತ ಬಳಕೆಯ ಸಣ್ಣ ಪೊಟ್ಟಣ: 0.1 ಕಿ.ಗ್ರಾಂ
ಒಟ್ಟು: 2.6 ಕಿ.ಗ್ರಾಂ

ಜಾಲರಿಬೆನ್ನಿನ ಚೌಕಟ್ಟುಳ್ಳ 20 ಲೀಟರ್ ಚೀಲವೊಂದು ಖಾಲಿ ಇದ್ದಾಗಲೇ 1.1 ಕಿ.ಗ್ರಾಂ ತೂಗಿದರೆ ಮೊತ್ತ 3.7 ಕಿ.ಗ್ರಾಂ ಆಗಿ ಮಿತಿಯನ್ನು ಮೀರುತ್ತದೆ. ಮೆತ್ತೆಗಳ ನಡುವೆ ತಗ್ಗುಗಳಿರುವ 0.5 ಕಿ.ಗ್ರಾಂ ಚೀಲವಾದರೆ ಮೊತ್ತ 3.1. ಹೀಗಾಗಿ ಅತ್ಯಂತ ಹೆಚ್ಚು ಗಾಳಿಯಾಡುವ ಚೀಲವೇ ಈ ಬಾಲಕಿಗೆ ಅತ್ಯುತ್ತಮವೆಂದು ಹೇಳಲಾಗದು. ಅದೇ ಚೌಕಟ್ಟಿನ ಚೀಲ 55 ಕಿ.ಗ್ರಾಂ ತೂಕದ ಶಿಕ್ಷಕಿಗೆ ಸಲ್ಲುತ್ತದೆ; ಪ್ರಥಮ ಚಿಕಿತ್ಸೆಯ 0.8 ಕಿ.ಗ್ರಾಂ ಪೆಟ್ಟಿಗೆ ಸೇರಿದರೂ ಅವರ ಹೊರೆ 4.5 ಕಿ.ಗ್ರಾಂ, ಮಿತಿ 5.5. ತೂಕ ತಗ್ಗಿಸಬೇಕಾದಾಗ ಮಕ್ಕಳು ಮೊದಲು ತೆಗೆಯಲು ಹೊರಡುವುದು ನೀರನ್ನು. ಅದನ್ನು ತಡೆದು, ಖಾಲಿ ಚೀಲದ ತೂಕವನ್ನೇ ಮೊದಲು ಪ್ರಶ್ನಿಸುವಂತೆ ಮಾಡುವುದು ಶಿಕ್ಷಕರ ಹೊಣೆ.

ಪಟ್ಟಿಯ ಅಗಲವನ್ನೂ ಇದೇ ಅವಧಿಯಲ್ಲಿ ಚರ್ಚಿಸಬಹುದು. ಉದ್ದ ಒಂದೇ ಆಗಿದ್ದು 2 ಸೆಂ.ಮೀ. ಅಗಲದ ಪಟ್ಟಿಗೆ ಬದಲಾಗಿ 5 ಸೆಂ.ಮೀ. ಪಟ್ಟಿ ಇದ್ದರೆ ವಿಸ್ತೀರ್ಣ ಎರಡೂವರೆ ಪಟ್ಟಾಗುತ್ತದೆ, ಒತ್ತಡ ಐದರಲ್ಲಿ ಎರಡು ಭಾಗಕ್ಕೆ ಇಳಿಯುತ್ತದೆ. ನೀರಿನ ಕೊಡ ಹೊರುವವರು ತಲೆಗೆ ಸಿಂಬಿ ಇಟ್ಟುಕೊಳ್ಳುವುದರಲ್ಲಿಯೂ ಇದೇ ನಿಯಮ ಅಡಗಿದೆ. ಮನೆಯ ಹಿರಿಯ ಮಹಿಳೆಯರಿಂದ ಈ ಅನುಭವವನ್ನು ಕೇಳಿ ಬರೆದು ತರಲು ಹೇಳುವುದು ಉಚಿತ.

ಚಟುವಟಿಕೆ 4: ಧರಿಸಿ ಪರೀಕ್ಷಿಸುವುದು

ಚೀಲದಲ್ಲಿ 3 ಕಿ.ಗ್ರಾಂ ಜೋಳವನ್ನೋ ಲೀಟರಿನ ಮೂರು ನೀರಿನ ಬಾಟಲಿಗಳನ್ನೋ ಇರಿಸಿ ಶಾಲೆಯ ಮೈದಾನದಲ್ಲಿ ಹತ್ತು ನಿಮಿಷ ನಡೆಯಬೇಕು. ಭಾರವಾದ ವಸ್ತು ಬೆನ್ನಿಗೆ ಹತ್ತಿರ, ನಡುಮಟ್ಟದಲ್ಲಿ ಇರಲಿ. ಮೊದಲು ಸೊಂಟಪಟ್ಟಿ, ಬಳಿಕ ಹೆಗಲಪಟ್ಟಿ, ಕೊನೆಗೆ ಎದೆಪಟ್ಟಿ ಎಂಬ ಕ್ರಮದಲ್ಲಿ ಬಿಗಿಯಬೇಕು. ಎದೆಪಟ್ಟಿ ಉಸಿರಾಟಕ್ಕೆ ಅಡ್ಡಿಯಾಗದಷ್ಟು ಸಡಿಲವಾಗಿರಬೇಕು. ಜಡೆ ಚೀಲದ ಅಡಿ ಸಿಕ್ಕಿ ಎಳೆಯದಂತೆ ಮೇಲೆತ್ತಿ ಕಟ್ಟಬೇಕು. ದುಪಟ್ಟಾ ಪಟ್ಟಿಯ ಕೆಳಗೆ ಸುಕ್ಕಾಗಿ ಹೆಗಲನ್ನು ಒತ್ತದಂತೆ ನೋಡಿಕೊಳ್ಳಬೇಕು. ಒಳಗೆ ಹತ್ತಿಬಟ್ಟೆ ಇದ್ದರೆ ಬೆವರನ್ನು ಹೀರುತ್ತದೆ; ಆದರೆ ಬೇಗ ಒಣಗದ ಕಾರಣ ಬದಲಿ ಉಡುಪೊಂದು ಜೊತೆಗಿರುವುದು ಲೇಸು, ಅದರ ತೂಕವೂ ಲೆಕ್ಕಕ್ಕೆ ಸೇರಬೇಕು. ಹೊಸ ಚೀಲ ಕೊಳ್ಳಲಾಗದ ಮನೆಗಳೇ ಹೆಚ್ಚಿರುವಲ್ಲಿ, ಇದ್ದ ಚೀಲದ ಹೆಗಲಪಟ್ಟಿಗೆ ದಪ್ಪ ಬಟ್ಟೆಯ ಮೆತ್ತೆ ಹೊಲಿಸುವುದು, ಉದ್ದವಾದ ಪಟ್ಟಿಗಳನ್ನು ಕಿರಿದುಗೊಳಿಸಿ ಚೀಲವನ್ನು ಮೇಲಕ್ಕೆ ತರುವುದು ಸಾಧ್ಯ. ಪ್ರತಿ ಅರ್ಧ ಗಂಟೆಗೊಮ್ಮೆ ನೆರಳಿನಲ್ಲಿ ಚೀಲ ಕೆಳಗಿಳಿಸಿ ಬೆನ್ನಿಗೆ ಗಾಳಿ ಕೊಡುವುದಕ್ಕೆ ಕಾಸಿನ ಖರ್ಚಿಲ್ಲ.

ಸ್ವಂತ ಬಳಕೆಯ ಪೊಟ್ಟಣಕ್ಕೆ ಜಿಪ್ ಇರುವ ಪ್ರತ್ಯೇಕ ಜೇಬು ಅಗತ್ಯ. ಮುಟ್ಟಿನ ದಿನಗಳೆಂಬ ಕಾರಣಕ್ಕೆ ಯಾವ ಬಾಲಕಿಯೂ ಮನೆಯಲ್ಲಿ ಉಳಿಯುವಂತಾಗಬಾರದು. ಶೌಚಾಲಯ ಸಿಗದೆಂಬ ಭಯದಿಂದ ನೀರು ಕುಡಿಯದಿರುವ ಮಕ್ಕಳೂ ಇರುತ್ತಾರೆ. ದಾರಿಯಲ್ಲಿ ಶೌಚಾಲಯ ಎಲ್ಲೆಲ್ಲಿ ಇದೆ ಎಂಬುದನ್ನು ಶಿಕ್ಷಕರು ಮುಂಚಿತವಾಗಿ ನೋಡಿ ಬಂದು ತಿಳಿಸಿದರೆ ಚೀಲದಲ್ಲಿ ಹೊತ್ತ ನೀರು ಸಾರ್ಥಕವಾಗುತ್ತದೆ.

ಭಾಷಾ ಚಟುವಟಿಕೆ

ಅಂಗಡಿಯಲ್ಲಿ ತೆಲುಗು, ಚೀಟಿಯ ಮೇಲೆ ಇಂಗ್ಲಿಷ್, ತರಗತಿಯಲ್ಲಿ ಕನ್ನಡ ಎಂಬ ಸ್ಥಿತಿ ಬಶೀರಾಬಾದ್, ನಾರಾಯಣಖೇಡ, ಜಹೀರಾಬಾದ್ ಭಾಗದ ಮಕ್ಕಳಿಗೆ ಸಹಜ. ಅದನ್ನು ಪದಸಂಪತ್ತಾಗಿ ಬಳಸಿಕೊಳ್ಳಬೇಕು. ತೆಲುಗಿನ ಸಂಚಿ ಕನ್ನಡದ ಎಲೆಯಡಿಕೆಯ ಸಂಚಿಯಲ್ಲಿ ಇದೆ. ತೆಲುಗಿನ ವೆನ್ನು ಕನ್ನಡದ ಬೆನ್ನಿಗೂ, ನಡುಮು ಕನ್ನಡದ ನಡುವಿಗೂ ಹತ್ತಿರ. ಸೊಂಟಪಟ್ಟಿಗೆ ನಡುಪಟ್ಟಿ ಎಂಬ ಹೆಸರೂ ಸಲ್ಲುತ್ತದೆ. ಆದರೆ ಅದು ನಡುವಿನ ಮೆತ್ತನೆಯ ಭಾಗದಲ್ಲಿರದೆ ಮೂಳೆಯ ಮೇಲೆ ಕೂರಬೇಕೆಂದು ವಿದ್ಯಾರ್ಥಿಗಳು ವಿವರಿಸಲಿ. ಚಾರಣಕ್ಕೆ ಹೊರಟ ಚಿಕ್ಕಮ್ಮನಿಗೆ ಚೀಲ ಆರಿಸಲು ಸಲಹೆ ನೀಡುವ ಹದಿನೈದು ಸಾಲುಗಳ ಪತ್ರ ಬರೆಸುವುದು ಈ ಪಾಠದ ಬರವಣಿಗೆಯ ಕೆಲಸ.

ಮೌಲ್ಯಮಾಪನ

1. 42 ಕಿ.ಗ್ರಾಂ ತೂಕದ ವಿದ್ಯಾರ್ಥಿನಿಯು 0.9 ಕಿ.ಗ್ರಾಂ ತೂಕದ ಚೀಲ ಆರಿಸಿದರೆ ಸಾಮಾನಿಗೆ ಉಳಿಯುವ ತೂಕವೆಷ್ಟು?
2. ಜಾಲರಿಬೆನ್ನಿನ ಚೀಲದ ಒಂದು ಅನುಕೂಲ, ಎರಡು ಅನಾನುಕೂಲಗಳನ್ನು ತಿಳಿಸಿ.
3. ಒಂದೇ ಹೆಗಲಿಗೆ ಚೀಲ ತೂಗಿಸಿಕೊಂಡವರು ಎದುರು ಬದಿಗೆ ವಾಲುವುದೇಕೆ?
4. ಗೆಳತಿಯ ಚೀಲ ನಿಮಗೆ ಹೊಂದದಿರಲು ಕಾರಣಗಳೇನು?

ಹೊರಸಂಚಾರದ ಮರುದಿನ ಪ್ರತಿಯೊಬ್ಬರೂ ತಮ್ಮ ಪಟ್ಟಿಯನ್ನು ಮತ್ತೆ ನೋಡಿ, ಬಳಸದೆ ಮರಳಿ ತಂದ ವಸ್ತುಗಳಿಗೆ ಗುರುತು ಹಾಕಲಿ. ಉಳಿದ ನೀರಿನ ಪ್ರಮಾಣವನ್ನೂ ಬರೆಯಲಿ. ಮುಂದಿನ ಸಂಚಾರದ ಪಟ್ಟಿ ಆ ಗುರುತುಗಳಿಂದಲೇ ಸಿದ್ಧವಾಗಬೇಕು.