ದೇವರನ್ನು ಏನೆಂದು ಕರೆಯೋಣ?



ಧರ್ಮೋಪದೇಶದ ತರಗತಿ ಮುಗಿಸಿ ಮನೆಗೆ ಬಂದ ನಿಮ್ಮ ಮಗು ಹೀಗೆ ಕೇಳುತ್ತದೆ ಎಂದುಕೊಳ್ಳಿ: "ಅಮ್ಮಾ, ನಾವು ಸರ್ವೇಶ್ವರ ಅಂತೀವಿ. ಪಕ್ಕದ ಮನೆಯವರು ಅಲ್ಲಾ ಅಂತಾರೆ. ಎದುರು ಮನೆ ಅಜ್ಜಿ ನಾರಾಯಣ ಅಂತಾರೆ. ದೇವರ ನಿಜವಾದ ಹೆಸರು ಯಾವುದು?" ಒಲೆಯ ಮೇಲೆ ಸಾರು ಕುದಿಯುತ್ತಿರುವಾಗ ಇಂಥ ಪ್ರಶ್ನೆ ಬಂದರೆ "ಹೋಗಿ ಓದಿಕೋ" ಎಂದು ಸಾಗಹಾಕುವುದು ಸುಲಭ. "ನಮ್ಮದೊಂದೇ ಸರಿ" ಎಂದು ಗದರಿಸುವುದು ಇನ್ನೂ ಸುಲಭ. "ಎಲ್ಲವೂ ಒಂದೇ, ಬಿಡು" ಎಂದು ತೇಲಿಸಿಬಿಡುವುದೂ ಉಂಟು. ಈ ಮೂರೂ ಉತ್ತರಗಳಿಂದ ಮಗುವಿನ ಹಸಿವು ತೀರುವುದಿಲ್ಲ. ಈ ವಾರ ಆ ಪ್ರಶ್ನೆಯನ್ನು ಕುರಿತು ಸ್ವಲ್ಪ ನಿಧಾನವಾಗಿ ಯೋಚಿಸೋಣ.

ಉಚ್ಚರಿಸದ ಹೆಸರು

ಹಳೆಯ ಒಡಂಬಡಿಕೆಯ ವಿಮೋಚನಾಕಾಂಡದ ಮೂರನೆಯ ಅಧ್ಯಾಯವನ್ನು ತೆರೆಯಿರಿ. ಉರಿಯುತ್ತಿದ್ದರೂ ಸುಟ್ಟುಹೋಗದ ಪೊದೆಯ ಮುಂದೆ ಮೋಶೆ ನಿಂತಿದ್ದಾನೆ. ಅವನ ಪ್ರಶ್ನೆಯೂ ನಿಮ್ಮ ಮಗುವಿನ ಪ್ರಶ್ನೆಯೇ: ಜನರು ನಿನ್ನ ಹೆಸರನ್ನು ಕೇಳಿದರೆ ಏನು ಹೇಳಲಿ? ಅಲ್ಲಿ ದೊರೆತ ಉತ್ತರ 'ಇರುವಿಕೆ'ಯನ್ನು ಸೂಚಿಸುವ ಕ್ರಿಯಾಪದದೊಂದಿಗೆ ಬೆಸೆದುಕೊಂಡಿದೆ. ಇರುವಾತ, ನಿಮ್ಮೊಡನೆ ಇರುವಾತ ಎಂಬುದು ಅದರ ಭಾವ.

ಹೀಬ್ರೂ ಭಾಷೆಯಲ್ಲಿ ಆ ಹೆಸರಿಗೆ ನಾಲ್ಕೇ ಅಕ್ಷರಗಳು: ಯೋದ್, ಹೇ, ವಾವ್, ಹೇ. ಹೀಬ್ರೂ ಧರ್ಮಗ್ರಂಥದಲ್ಲಿ ಅದು 6,000ಕ್ಕೂ ಹೆಚ್ಚು ಬಾರಿ ಬರುತ್ತದೆ. ಆದರೂ ಭಕ್ತ ಯೆಹೂದ್ಯರು ಅದನ್ನು ಉಚ್ಚರಿಸುವುದಿಲ್ಲ. ಆ ಅಕ್ಷರಗಳು ಬಂದ ಕಡೆ 'ಅದೋನಾಯ್', ಅಂದರೆ 'ನನ್ನ ಪ್ರಭು' ಎಂದು ಓದುತ್ತಾರೆ. ಮಾತುಕತೆಯಲ್ಲಿ 'ಹಶೇಮ್', ಅಂದರೆ 'ಆ ನಾಮ' ಎನ್ನುತ್ತಾರೆ. ಗ್ರೀಕ್ ಭಾಷಾಂತರದಲ್ಲಿ ಅದು 'ಕೀರಿಯೋಸ್' ಆಯಿತು, ಲತೀನಿನಲ್ಲಿ 'ದೋಮಿನುಸ್' ಆಯಿತು. ಎರಡಕ್ಕೂ ಪ್ರಭು, ಒಡೆಯ ಎಂದೇ ಅರ್ಥ. ಕನ್ನಡದ ನಮ್ಮ ಬೈಬಲಿನಲ್ಲಿ ಅದು 'ಸರ್ವೇಶ್ವರ'. 2008ರಲ್ಲಿ ರೋಮಿನ ದೈವಾರಾಧನಾ ಇಲಾಖೆಯು, ಆ ನಾಲ್ಕಕ್ಷರದ ನಾಮವನ್ನು ನಮ್ಮ ಆರಾಧನಾವಿಧಿಯ ಪ್ರಾರ್ಥನೆ, ಗೀತೆಗಳಲ್ಲೂ ಉಚ್ಚರಿಸಬಾರದೆಂದು ಧರ್ಮಾಧ್ಯಕ್ಷರುಗಳಿಗೆ ತಿಳಿಸಿತು. ದೇವರ ನಾಮವನ್ನು ವ್ಯರ್ಥವಾಗಿ ಎತ್ತಬಾರದೆಂಬ ಕಟ್ಟಳೆಗೆ ಆ ಜನಾಂಗ ಕೊಟ್ಟ ಗೌರವ ಎಷ್ಟು ದೊಡ್ಡದು, ನೋಡಿ!

ತೊಂಬತ್ತೊಂಬತ್ತು ಮತ್ತು ಸಾವಿರ

ನಮ್ಮ ಮುಸ್ಲಿಂ ನೆರೆಯವರು ದೇವರಿಗೆ ತೊಂಬತ್ತೊಂಬತ್ತು ಸುಂದರ ನಾಮಗಳುಂಟೆಂದು ಹೇಳುತ್ತಾರೆ. ಅವರ ಜಪಮಾಲೆಯಲ್ಲಿ ತೊಂಬತ್ತೊಂಬತ್ತು ಅಥವಾ ಮೂವತ್ತಮೂರು ಮಣಿಗಳಿರುತ್ತವೆ. ಕುರಾನಿನ 114 ಅಧ್ಯಾಯಗಳಲ್ಲಿ ಒಂದನ್ನು ಬಿಟ್ಟು ಉಳಿದೆಲ್ಲವೂ ಆರಂಭವಾಗುವುದು ರಹಮಾನ್, ರಹೀಮ್ ಎಂಬ ಹೆಸರುಗಳೊಂದಿಗೆ. ಎರಡೂ ದೇವರ ಕರುಣೆಯನ್ನೇ ಸಾರುತ್ತವೆ. 'ಅಲ್ಲಾ' ಎಂಬುದು ಅರಬ್ಬೀ ಭಾಷೆಯಲ್ಲಿ ದೇವರಿಗಿರುವ ಪದ. ಅರಬ್ಬೀ ನುಡಿಯುವ ಕ್ರೈಸ್ತರು ಬಲಿಪೂಜೆಯಲ್ಲಿ ಕರೆಯುವುದೂ ಅದೇ ಹೆಸರಿನಿಂದ.

ಮಹಾಭಾರತದ ಅನುಶಾಸನ ಪರ್ವದಲ್ಲಿ ಭೀಷ್ಮನು ಯುಧಿಷ್ಠಿರನಿಗೆ ವಿಷ್ಣುವಿನ ಸಾವಿರ ನಾಮಗಳನ್ನು ಹೇಳುತ್ತಾನೆ. ನಮ್ಮ ನಾಡಿನ ಶರಣರಿಗೆ ಸಾವಿರ ಬೇಕಾಗಲಿಲ್ಲ, ಒಂದೇ ಸಾಕಾಯಿತು. ಬಸವಣ್ಣನವರಿಗೆ ಕೂಡಲಸಂಗಮದೇವ, ಅಕ್ಕಮಹಾದೇವಿಗೆ ಚೆನ್ನಮಲ್ಲಿಕಾರ್ಜುನ, ಅಲ್ಲಮಪ್ರಭುವಿಗೆ ಗುಹೇಶ್ವರ. ಹೆಸರು ಕೇಳಿದೊಡನೆ ವಚನ ಯಾರದೆಂದು ತಿಳಿಯುತ್ತದೆ. ಸಿಖ್ಖರು 'ವಾಹೆಗುರು' ಎನ್ನುತ್ತಾರೆ. ಅವರ ಗುರು ಗ್ರಂಥ ಸಾಹಿಬಿನಲ್ಲಿ ಹರಿ, ರಾಮ, ಅಲ್ಲಾ ಎಂಬ ಹೆಸರುಗಳೂ ಇವೆ. ಪಾರ್ಸಿಗಳ 'ಅಹುರ ಮಜ್ದ' ಎಂದರೆ ಜ್ಞಾನಸ್ವರೂಪಿಯಾದ ಒಡೆಯ.

ನಮ್ಮ 'ಸರ್ವೇಶ್ವರ' ಎಂಬ ಪದವೂ ಎಲ್ಲಿಂದಲೋ ಹಡಗಿನಲ್ಲಿ ಬಂದುದಲ್ಲ. ಕ್ರೈಸ್ತರು ಈ ನಾಡಿಗೆ ಬರುವ ಮೊದಲೇ ಅದು ಇಲ್ಲಿತ್ತು. ಹಾವೇರಿ ಜಿಲ್ಲೆಯ ನರೇಗಲ್ಲಿನ ಪುರಾತನ ಶಿವಾಲಯದ ಹೆಸರೂ ಸರ್ವೇಶ್ವರ. ನೆರೆಯವರ ಮಾತಿನಲ್ಲೇ ನಾವು ಪ್ರಾರ್ಥಿಸುತ್ತಿದ್ದೇವೆ!

ಪದ ಆರಿಸುವ ಕಷ್ಟ

ಹಾಗಾದರೆ ಯಾವ ಹೆಸರಾದರೂ ನಡೆಯುತ್ತದೆಯೇ? ಇಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರರ ಅನುಭವ ನಮಗೆ ಪಾಠ. 1549ರಲ್ಲಿ ಜಪಾನಿಗೆ ಹೋದ ಅವರು ದೇವರಿಗೆ ಅಲ್ಲಿನ 'ದೈನಿಚಿ' ಎಂಬ ಪದವನ್ನು ಬಳಸಿದರು. ಅದು ಬೌದ್ಧರು ಪೂಜಿಸುವ ವೈರೋಚನ ಬುದ್ಧನ ಹೆಸರೆಂದು ಅವರಿಗೆ ಆಮೇಲೆ ತಿಳಿಯಿತು. ಕೇಳಿದವರು ಇದು ಬೌದ್ಧಧರ್ಮದ್ದೇ ಇನ್ನೊಂದು ಪಂಥವೆಂದು ಭಾವಿಸಿದ್ದರು. ಸಂತರು ಆ ಪದವನ್ನು ಬಿಟ್ಟು ಲತೀನಿನ 'ದೇವುಸ್' ಅನ್ನೇ ಬಳಸತೊಡಗಿದರು.

ಚೀನಾದಲ್ಲಿ ಯೇಸುಸಭೆಯ ಮತ್ತೆಯೋ ರಿಚ್ಚಿಯವರು 'ತಿಯೆನ್‌ಚು', ಅಂದರೆ 'ಸ್ವರ್ಗದ ಒಡೆಯ' ಎಂಬ ಪದವನ್ನು ಬಳಸಿದರು. ಚೀನೀ ಪ್ರಾಚೀನ ಗ್ರಂಥಗಳ 'ಶಾಂಗ್‌ತಿ' ಎಂಬ ಹೆಸರೂ ಅವರಿಗೆ ಒಪ್ಪಿಗೆಯಾಗಿತ್ತು. ಮುಂದೆ ಇದೇ ದೊಡ್ಡ ವಿವಾದವಾಗಿ, 1715ರಲ್ಲಿ ಜಗದ್ಗುರು ಹನ್ನೊಂದನೇ ಕ್ಲೆಮೆಂಟರು 'ತಿಯೆನ್‌ಚು' ಒಂದನ್ನೇ ಉಳಿಸಿದರು. ಇಂದಿಗೂ ಚೀನಾದಲ್ಲಿ ಕಥೋಲಿಕ ಧರ್ಮಕ್ಕೆ 'ಸ್ವರ್ಗದ ಒಡೆಯನ ಧರ್ಮ' ಎಂಬ ಹೆಸರೇ ಇದೆ.

ಹೆಸರಿಗಾಗಿ ನ್ಯಾಯಾಲಯಕ್ಕೆ

ನಮ್ಮ ಕಾಲದ ಒಂದು ಘಟನೆಯನ್ನೂ ಕೇಳಿ. 1629ರಲ್ಲಿ ಅಚ್ಚಾದ ಮಲಯ ಭಾಷೆಯ ಮತ್ತಾಯನ ಶುಭಸಂದೇಶದಲ್ಲೇ ದೇವರಿಗೆ 'ಅಲ್ಲಾ' ಎಂಬ ಪದವಿದೆ. ಆದರೆ ಮಲೇಷ್ಯಾ ಸರ್ಕಾರ 1986ರ ಆದೇಶವೊಂದರಲ್ಲಿ ಕ್ರೈಸ್ತ ಪ್ರಕಟಣೆಗಳು ಆ ಪದವನ್ನು ಬಳಸಬಾರದೆಂದಿತು. ಅಲ್ಲಿನ ಕಥೋಲಿಕ ವಾರಪತ್ರಿಕೆ 'ಹೆರಾಲ್ಡ್' ನ್ಯಾಯಾಲಯದ ಮೆಟ್ಟಿಲು ಹತ್ತಿತು. 2009ರ ಡಿಸೆಂಬರ್ 31ರಂದು ತೀರ್ಪು ಪತ್ರಿಕೆಯ ಪರವಾಗಿ ಬಂತು. ಮರುವಾರವೇ ಹಲವು ಚರ್ಚುಗಳ ಮೇಲೆ ದಾಳಿ ನಡೆಯಿತು. 2013ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. 2014ರಲ್ಲಿ ಅತ್ಯುನ್ನತ ನ್ಯಾಯಾಲಯವೂ ಪತ್ರಿಕೆಗೆ ಮೇಲ್ಮನವಿಯ ಅವಕಾಶ ಕೊಡಲಿಲ್ಲ. ಕೊನೆಗೆ 2021ರ ಮಾರ್ಚ್‌ನಲ್ಲಿ, ಸರವಾಕಿನ ಕ್ರೈಸ್ತ ಮಹಿಳೆಯೊಬ್ಬರು ಹೂಡಿದ್ದ ಬೇರೊಂದು ಮೊಕದ್ದಮೆಯಲ್ಲಿ ಹೈಕೋರ್ಟು 1986ರ ಆ ಆದೇಶವನ್ನೇ ರದ್ದುಮಾಡಿತು. ಕರುಣಾಮಯನ ಹೆಸರಿಗಾಗಿ ಬೆಂಕಿ ಹಚ್ಚುವಷ್ಟು ಕ್ರೋಧ! ಹೆಸರನ್ನು ನಮ್ಮ ಆಸ್ತಿಯಂತೆ ಬೇಲಿ ಹಾಕಿ ಕಾಯತೊಡಗಿದರೆ ಆಗುವುದು ಹೀಗೆಯೇ.

ಮಗುವಿಗೆ ಉತ್ತರ

ಈಗ ಅಡಿಗೆಮನೆಗೆ ಮರಳೋಣ. ಮಗುವಿಗೆ ಹೀಗೆ ಹೇಳಬಹುದು: "ನಿನ್ನನ್ನು ನಾನು 'ಕಂದ' ಅಂತೀನಿ, ಶಾಲೆಯಲ್ಲಿ ಬೇರೆ ಹೆಸರು ಕೂಗ್ತಾರೆ, ಅಜ್ಜಿ ಇನ್ನೊಂದು ಹೆಸರಿಂದ ಕರೀತಾರೆ. ಕರೆಯುವವರಿಗೂ ನಿನಗೂ ಇರುವ ನಂಟು ಆ ಹೆಸರಿನಲ್ಲಿದೆ. ಪಕ್ಕದ ಮನೆಯವರು ಪ್ರೀತಿಯಿಂದ ದೇವರನ್ನು ಕರೆಯುವಾಗ ನಾವು ನಗಬಾರದು." ಎರಡನೇ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಹೊರಡಿಸಿದ ಘೋಷಣೆಯಲ್ಲಿ, ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದ ಯಾವುದನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ಕಲಿಸಿದೆ. ಮುಸ್ಲಿಮರು ಏಕದೇವರನ್ನು ಆರಾಧಿಸುವವರೆಂದೂ ಗೌರವದಿಂದ ಹೇಳಿದೆ.

ಹಾಗೆಂದು ವ್ಯತ್ಯಾಸಗಳನ್ನು ಮುಚ್ಚಿಡಬೇಕಾಗಿಲ್ಲ. ದೇವರು ಪಿತ, ಸುತ, ಪವಿತ್ರಾತ್ಮರೆಂಬುದು ನಮ್ಮ ವಿಶ್ವಾಸ. ಮುಸ್ಲಿಮರು ಅದನ್ನು ಒಪ್ಪುವುದಿಲ್ಲ. ದೇವರಿಗೆ ಮಗುವಿನಂತೆ 'ಅಬ್ಬಾ', 'ಅಪ್ಪಾ' ಎಂದು ಮೊರೆಯಿಡಬಹುದೆಂದು ನಮಗೆ ತೋರಿಸಿಕೊಟ್ಟವರು ಯೇಸುಸ್ವಾಮಿ. ಈ ಸಂಪತ್ತನ್ನು ಮಗುವಿಗೆ ಧೈರ್ಯವಾಗಿ ಕೊಡಿ. ಆದರೆ ಒಂದು ಮಾತು ನೆನಪಿರಲಿ: 'ಅಪ್ಪಾ' ಎಂದು ಕರೆದವನು ಅಪ್ಪನ ಇತರ ಮಕ್ಕಳನ್ನು ದ್ವೇಷಿಸಲಾರನು. ನಾಮವನ್ನು ವ್ಯರ್ಥವಾಗಿ ಎತ್ತುವುದೆಂದರೆ ಸುಳ್ಳಾಣೆ ಮಾತ್ರವಲ್ಲ, ಬಾಯಲ್ಲಿ ನಾಮ, ಎದೆಯಲ್ಲಿ ಹಗೆ ಇಟ್ಟುಕೊಳ್ಳುವುದೂ ಹೌದು.

ಕುಟುಂಬದಲ್ಲಿ ಚಿಂತನೆಗೆ

1. ನಮ್ಮ ಮನೆಯಲ್ಲಿ ದೇವರ ಹೆಸರು ಹೆಚ್ಚಾಗಿ ಕೇಳಿಬರುವುದು ಪ್ರಾರ್ಥನೆಯಲ್ಲೋ, ಸಿಟ್ಟಿನಲ್ಲೋ?

2. ಕಷ್ಟ ಬಂದಾಗ ನಮ್ಮ ಬಾಯಿಗೆ ತಾನಾಗಿ ಬರುವ ದೇವರ ಹೆಸರು ಯಾವುದು? ಅದನ್ನು ನಮಗೆ ಕಲಿಸಿದವರು ಯಾರು?

3. ಈ ವಾರ ನೆರೆಯವರೊಬ್ಬರನ್ನು, ಅವರು ದೇವರನ್ನು ಏನೆಂದು ಕರೆಯುತ್ತಾರೆ, ಏಕೆ ಎಂದು ವಿನಯದಿಂದ ಕೇಳೋಣವೇ?