ಮೊದಲು ಬ್ರೇಕು, ಆಮೇಲೆ ಹೊಳಪು

ಕಾರು ಕೊಳ್ಳುವ ಮುನ್ನ ನಮ್ಮ ಮನೆಗಳಲ್ಲಿ ನಡೆಯುವ ಲೆಕ್ಕಾಚಾರ ಸಾಮಾನ್ಯವಾಗಿ ಮೂರು ಸಾಲಿನಲ್ಲಿ ಮುಗಿಯುತ್ತದೆ: ಮುಂಗಡ ಎಷ್ಟು, ತಿಂಗಳ ಕಂತು ಎಷ್ಟು, ಮೈಲೇಜು ಎಷ್ಟು. ನಾಲ್ಕನೆಯ ಸಾಲೊಂದು ಬೇಕು. ಈ ಕಾರನ್ನು ಸುರಕ್ಷಿತ ಸ್ಥಿತಿಯಲ್ಲಿ ಇಟ್ಟುಕೊಳ್ಳಲು ತಿಂಗಳಿಗೆ ಎಷ್ಟು ಎತ್ತಿಡಬೇಕು? ಆ ಸಾಲು ಬರೆಯದ ಮನೆಯಲ್ಲಿ ಸವೆದ ಟೈರು ದಿಢೀರನೆ ಬಂದ ಖರ್ಚಾಗಿ ಕಾಣುತ್ತದೆ. ಕೈಯಲ್ಲಿ ದುಡ್ಡಿಲ್ಲ, ಇನ್ನೆರಡು ತಿಂಗಳು ಓಡಲಿ ಎಂದು ಮುಂದೂಡುತ್ತೇವೆ. ಎಷ್ಟೋ ಸಲ ಆ ಎರಡು ತಿಂಗಳೇ ಮಳೆಗಾಲವಾಗಿರುತ್ತದೆ.

ನಾನು ಇರುವುದು ಹಾಸನದಲ್ಲಿ, ತವರು ಪುತ್ತೂರು. ಹಬ್ಬ, ಮದುವೆ, ಅಮ್ಮನ ಔಷಧಿ ಎಂದು ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವುದು ನಮಗೆ ಮಾಮೂಲು. ನಮ್ಮದು ಸಣ್ಣ ಪೆಟ್ರೋಲ್ ಕಾರು, ವರ್ಷಕ್ಕೆ ಸುಮಾರು 10,000 ಕಿ.ಮೀ. ಓಡುತ್ತದೆ. ಅದರ ಲೆಕ್ಕವನ್ನು ನಾನು ಹೀಗೆ ಬರೆದಿಟ್ಟಿದ್ದೇನೆ. ವಾರ್ಷಿಕ ಸರ್ವೀಸಿಗೆ 7,000 ರೂಪಾಯಿ, ವಿಮೆಗೆ 9,000. ನಾಲ್ಕು ಟೈರಿಗೆ 18,000 ಆಗುತ್ತದೆ, ಅವು 45,000 ಕಿ.ಮೀ. ಬಾಳಿದರೆ ವರ್ಷದ ಪಾಲು 4,000. ಬ್ಯಾಟರಿಗೆ 5,200, ನಾಲ್ಕು ವರ್ಷಕ್ಕೆ ಹಂಚಿದರೆ 1,300. ವೈಪರ್ ಬ್ಲೇಡಿಗೆ 800, ಬ್ರೇಕ್ ಪ್ಯಾಡ್ ಮುಂತಾದವಕ್ಕೆ 2,000. ಎಲ್ಲ ಕೂಡಿದರೆ ವರ್ಷಕ್ಕೆ ಸುಮಾರು 24,000, ಅಂದರೆ ತಿಂಗಳಿಗೆ 2,000 ರೂಪಾಯಿ. ನಿಮ್ಮ ಊರು, ನಿಮ್ಮ ಕಾರಿಗೆ ತಕ್ಕಂತೆ ಅಂಕಿ ಬದಲಾಗುತ್ತದೆ, ಲೆಕ್ಕ ಮಾಡುವ ಕ್ರಮ ಮಾತ್ರ ಇದೇ. ಈ ಹಣ ಸಂಬಳದ ಮರುದಿನವೇ ಬೇರೆ ಖಾತೆಗೆ ಹೋಗುತ್ತದೆ. ಟೈರು ಸವೆದಾಗ ಆ ಖಾತೆಯಲ್ಲಿ ಟೈರಿನ ದುಡ್ಡು ಆಗಲೇ ಕೂತಿರುತ್ತದೆ.

ಹಣ ಎತ್ತಿಟ್ಟರೆ ಸಾಲದು, ಯಾವುದಕ್ಕೆ ಮೊದಲು ಎಂಬ ಸರದಿಯೂ ಬೇಕು. ನನ್ನದು ಈ ಸರದಿ: ಮೊದಲು ಕಾರನ್ನು ನಿಲ್ಲಿಸುವ ಭಾಗಗಳು, ನಂತರ ದಾರಿ ಕಾಣಿಸುವ ಭಾಗಗಳು, ಆಮೇಲೆ ಓಡಿಸುವ ಭಾಗಗಳು. ಹೊಳೆಯುವ ಭಾಗಗಳು ಕೊನೆಗೆ.

ನಿಲ್ಲಿಸುವ ಭಾಗಗಳು

ಒಂದು ಟೈರು ನೆಲಕ್ಕೆ ತಾಗುವ ಜಾಗ ಸುಮಾರು ಒಂದು ಅಂಗೈಯಷ್ಟು. ಇಡೀ ಸಂಸಾರದ ಭಾರ ಹೊತ್ತ ಕಾರು ನಾಲ್ಕು ಅಂಗೈಗಳ ಹಿಡಿತದಲ್ಲಿ ಓಡುತ್ತಿದೆ. ಟೈರಿನ ತೋಡುಗಳ ಒಳಗೆ ಅಲ್ಲಲ್ಲಿ ಸಣ್ಣ ರಬ್ಬರ್ ದಿಬ್ಬಗಳಿರುತ್ತವೆ. ಸವೆತ ಆ ದಿಬ್ಬದ ಮಟ್ಟಕ್ಕೆ ಬಂತೆಂದರೆ ತೋಡಿನ ಆಳ 1.6 ಮಿ.ಮೀ.ಗೆ ಇಳಿದಿದೆ, ಟೈರಿನ ಆಯಸ್ಸು ಮುಗಿದಿದೆ ಎಂದರ್ಥ. ಒದ್ದೆ ರಸ್ತೆಯಲ್ಲಿ ನೀರನ್ನು ಆಚೆ ತಳ್ಳುವುದೇ ಆ ತೋಡುಗಳ ಕೆಲಸ. ಅವು ಸವೆದಾಗ ಟೈರು ನೆಲ ಬಿಟ್ಟು ನೀರಿನ ಮೇಲೆ ತೇಲುತ್ತದೆ, ಆಗ ಬ್ರೇಕ್ ಎಷ್ಟೇ ಒಳ್ಳೆಯದಿದ್ದರೂ ಪ್ರಯೋಜನವಿಲ್ಲ.

ಟೈರಿಗೆ ವಯಸ್ಸೂ ಇದೆ. ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿಗಳ ಗುರುತು ಇರುತ್ತದೆ. 2321 ಎಂದಿದ್ದರೆ ಅದು 2021ರ 23ನೇ ವಾರದಲ್ಲಿ ತಯಾರಾದದ್ದು. ಹೊಸ ಟೈರು ಕೊಳ್ಳುವಾಗ ಈ ಅಂಕಿ ನೋಡದೆ ಹಣ ಕೊಡಬೇಡಿ. ಐದು ವರ್ಷ ದಾಟಿದ ಟೈರನ್ನು, ತೋಡಿನ ಆಳ ಎಷ್ಟೇ ಉಳಿದಿರಲಿ, ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಬೇಕು. ಎರಡೇ ಹೊಸ ಟೈರು ಹಾಕಿಸುವಷ್ಟು ದುಡ್ಡಿದ್ದರೆ ಅವನ್ನು ಹಿಂದಕ್ಕೆ ಹಾಕಿಸಿ. ಮುಂದಿನ ಚಕ್ರ ಜಾರಿದರೆ ವೇಗ ಇಳಿಸಿ ಸ್ವಲ್ಪ ಸುಧಾರಿಸಿಕೊಳ್ಳಬಹುದು. ಹಿಂದಿನದು ಜಾರಿದರೆ ಕಾರು ಗಿರ್ರನೆ ತಿರುಗಿಬಿಡುತ್ತದೆ, ಸಾಮಾನ್ಯ ಚಾಲಕರ ಕೈಗೆ ಸಿಗುವುದಿಲ್ಲ.

ಗಾಳಿ ಎಷ್ಟಿರಬೇಕೆಂಬುದು ಚಾಲಕನ ಬಾಗಿಲಿನ ಚೌಕಟ್ಟಿನ ಚೀಟಿಯಲ್ಲೇ ಇರುತ್ತದೆ. ತುಂಬಿದ ಕಾರಿಗೆ ಬೇರೆ ಅಂಕಿ ಇದ್ದರೆ ಅದೂ ಅಲ್ಲೇ ಇದೆ. ಬೆಳಿಗ್ಗೆ, ಟೈರು ತಣ್ಣಗಿರುವಾಗ ನೋಡಿಸಿ. ಗಾಳಿ ಕಡಿಮೆಯಾದ ಟೈರಿನ ಪಕ್ಕೆ ಹೆದ್ದಾರಿಯ ವೇಗದಲ್ಲಿ ಮಡಚಿ ಮಡಚಿ ಕಾಯುತ್ತದೆ, ಒಡೆಯುವುದೂ ಉಂಟು. ಸ್ಟೆಪ್ನಿಗೂ ಗಾಳಿ ಹೊಡೆಸಲು ಮರೆಯಬೇಡಿ. ನೈಟ್ರೋಜನ್ನಿಗೆ ಹಣ ಕೊಡಲೇಬೇಕೆಂದಿಲ್ಲ, ನಾವು ಉಸಿರಾಡುವ ಗಾಳಿಯಲ್ಲೇ ಅದು ಶೇ 78ರಷ್ಟಿದೆ. ತಿಂಗಳಿಗೆರಡು ಸಲ ಗಾಳಿ ನೋಡಿಸುವ ಅಭ್ಯಾಸ ಅದಕ್ಕಿಂತ ದೊಡ್ಡದು.

ಇನ್ನು ಬ್ರೇಕ್. ಪ್ಯಾಡ್ ಸವೆದರೆ ಕಿರ್ ಎಂಬ ಸದ್ದು ಕೇಳುತ್ತದೆ, ಬ್ರೇಕ್ ಆಯಿಲ್ ಹಳತಾದರೆ ಯಾವ ಸದ್ದೂ ಇಲ್ಲ. ಈ ದ್ರವಕ್ಕೆ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣವಿದೆ. ಡಾಟ್ 4 ಎಂಬ ದರ್ಜೆಯದು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಮಾರನಹಳ್ಳಿಯಿಂದ ಗುಂಡ್ಯದ ಕಡೆ ಇಳಿಯುವಾಗ ಉದ್ದಕ್ಕೂ ಬ್ರೇಕ್ ತುಳಿಯುತ್ತಲೇ ಹೋದರೆ ಚಕ್ರದ ಬಳಿಯ ಬಿಸಿಗೆ ಹಳೆಯ ದ್ರವ ಕುದಿದು ಆವಿಯಾಗಬಹುದು. ದ್ರವವನ್ನು ಒತ್ತಿ ಕುಗ್ಗಿಸಲಾಗುವುದಿಲ್ಲ, ಹಾಗಾಗಿ ಕಾಲಿನ ಒತ್ತಡ ನೇರ ಚಕ್ರಕ್ಕೆ ಮುಟ್ಟುತ್ತದೆ. ಆವಿ ಹಾಗಲ್ಲ. ಪೆಡಲ್ ಮೆತ್ತಗಾಗಿ ಕೆಳಗಿಳಿಯುತ್ತದೆ, ಕಾರು ನಿಲ್ಲುವುದಿಲ್ಲ.

ಇದಕ್ಕೆ ಪರಿಹಾರ ಎರಡು. ಹೆಚ್ಚಿನ ಕಾರುಗಳ ಮ್ಯಾನ್ಯುಯಲ್ ಎರಡು ವರ್ಷಕ್ಕೊಮ್ಮೆ ಈ ದ್ರವ ಬದಲಿಸಲು ಹೇಳುತ್ತದೆ. ಟೈರು, ಬ್ಯಾಟರಿಗಳ ಬೆಲೆಯ ಮುಂದೆ ಇದು ಬಹಳ ಸಣ್ಣ ಖರ್ಚು. ಇನ್ನೊಂದಕ್ಕೆ ಖರ್ಚೇ ಇಲ್ಲ: ಘಾಟಿಯನ್ನು ಎರಡನೇ ಅಥವಾ ಮೂರನೇ ಗೇರಿನಲ್ಲಿ ಇಳಿಯುವುದು. ಎಂಜಿನ್ನೇ ಕಾರನ್ನು ಹಿಡಿದಿಟ್ಟುಕೊಳ್ಳುತ್ತದೆ, ಬ್ರೇಕಿಗೆ ತಣಿಯಲು ಪುರಸೊತ್ತು ಸಿಗುತ್ತದೆ. ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಸುವವರನ್ನು ಈಗಲೂ ನೋಡುತ್ತೇನೆ. ಇಂದಿನ ಎಂಜಿನ್‌ಗಳು ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಪೆಟ್ರೋಲ್ ಹರಿವನ್ನು ತಾವೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಿಯೇ ಎಂಜಿನ್ ಚಾಲೂ ಇರಲು ಪೆಟ್ರೋಲ್ ಬೇಕು. ಆ ಉಳಿತಾಯ ಸುಳ್ಳು, ಅಪಾಯ ಮಾತ್ರ ನಿಜ.

ಕಾಣಿಸುವ ಭಾಗಗಳು, ಓಡಿಸುವ ಭಾಗಗಳು

ವೈಪರ್ ಬ್ಲೇಡಿನ ರಬ್ಬರು ನಮ್ಮ ಬೇಸಿಗೆಯಲ್ಲಿ ಒಣಗಿ ಗಟ್ಟಿಯಾಗುತ್ತದೆ. ಗಾಜಿನ ಮೇಲೆ ಗೆರೆ ಬಿಡಲು ಶುರುಮಾಡಿದರೆ ಮೇ ತಿಂಗಳಲ್ಲೇ ಬದಲಿಸಿ. ಜೂನ್ ಮಳೆಯಲ್ಲಿ, ಎದುರಿನ ಲಾರಿಯ ಬೆಳಕು ಒದ್ದೆ ಗಾಜಿನ ಮೇಲೆ ಚೆದುರಿದಾಗ ಆ 800 ರೂಪಾಯಿಯ ಬೆಲೆ ತಿಳಿಯುತ್ತದೆ. ಹೆಡ್‌ಲೈಟ್, ಬ್ರೇಕ್ ಲೈಟ್, ಇಂಡಿಕೇಟರ್‌ಗಳನ್ನು ನೋಡಲು ಮೆಕ್ಯಾನಿಕ್ ಬೇಡ. ಮನೆಯವರೊಬ್ಬರು ಹಿಂದೆ ನಿಂತು ನೋಡಿದರೆ ಸಾಕು.

ಎಂಜಿನ್ ಆಯಿಲ್ ಬಹುಪಾಲು ಪೆಟ್ರೋಲ್ ಕಾರುಗಳಲ್ಲಿ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದಕ್ಕೆ ಬದಲಿಸಬೇಕು. ಕಡಿಮೆ ಓಡಿಸುವವರು ‘ಒಂದು ವರ್ಷ’ ಎಂಬ ಮಾತನ್ನು ಮರೆಯುತ್ತಾರೆ. ಸಮತಟ್ಟು ಜಾಗದಲ್ಲಿ, ಎಂಜಿನ್ ನಿಲ್ಲಿಸಿ ಕೆಲವು ನಿಮಿಷದ ನಂತರ ಡಿಪ್‌ಸ್ಟಿಕ್ ಎಳೆದು ಒರೆಸಿ, ಮತ್ತೆ ಅದ್ದಿ ನೋಡಿ. ಆಯಿಲ್ ಎರಡು ಗುರುತುಗಳ ನಡುವೆ ಇರಬೇಕು. ಕೂಲೆಂಟ್ ಮಟ್ಟವನ್ನು ಹೊರಗಿನ ಡಬ್ಬಿಯಲ್ಲೇ ನೋಡಿ. ಬಿಸಿ ರೇಡಿಯೇಟರ್ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬೇಡಿ, ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಚಿಮ್ಮುತ್ತದೆ.

ಬಿಲ್ಲಿನ ಮುಂದೆ ಕೂತಾಗ

ಒಮ್ಮೆ ಸರ್ವೀಸ್ ಸೆಂಟರೊಂದರಲ್ಲಿ ಎಸ್ಟಿಮೇಟ್ ನೋಡುತ್ತಿದ್ದೆ. ಒಳಾಂಗಣ ಪಾಲಿಶ್, ಎಸಿ ಸುಗಂಧ, ಎಂಜಿನ್ ಹೊಳಪು ಎಂದು ಸಾಲುಗಳಿದ್ದವು.

“ಇವು ಮ್ಯಾನ್ಯುಯಲ್‌ನ ಸರ್ವೀಸ್ ಪಟ್ಟಿಯಲ್ಲಿ ಇವೆಯೇನಪ್ಪ?” ಎಂದು ಕೇಳಿದೆ.

“ಇಲ್ಲ ಮೇಡಂ, ಆದರೆ ಎಲ್ಲರೂ ಮಾಡಿಸ್ತಾರೆ.”

“ಬ್ರೇಕ್ ಆಯಿಲ್‌ಗೆ ಎರಡು ವರ್ಷ ಆಯ್ತಲ್ಲ, ಅದು ಎಸ್ಟಿಮೇಟಲ್ಲಿ ಎಲ್ಲಿದೆ?”

ಅದು ಇರಲಿಲ್ಲ. ಆ ಹುಡುಗ ಒಳ್ಳೆಯವನೇ, ಅವನಿಗೂ ತಿಂಗಳ ಗುರಿ ಇರುತ್ತದೆ. ಹೊಳಪಿನ ಸಾಲುಗಳನ್ನು ತೆಗೆಸಿದೆ, ಬ್ರೇಕ್ ಆಯಿಲ್ ಮತ್ತು ವೈಪರ್ ಸೇರಿಸಿದೆ. ಬಿಲ್ಲು ಆಗಲೂ ಮೊದಲಿಗಿಂತ ಕಡಿಮೆಯೇ ಆಯಿತು. ಕಾರು ಬಿಡುವ ಮುನ್ನ ಮ್ಯಾನ್ಯುಯಲ್‌ನ ಆ ಪುಟದ ಫೋಟೊ ನಿಮ್ಮ ಮೊಬೈಲಿನಲ್ಲಿರಲಿ. ಎಸ್ಟಿಮೇಟ್ ಬರಹದಲ್ಲಿ ಪಡೆಯಿರಿ, ಬದಲಿಸಿದ ಹಳೆಯ ಭಾಗಗಳನ್ನು ತೋರಿಸಲು ಹೇಳಿ. ವಾರಂಟಿ ಮುಗಿದ ಮೇಲೆ ನಂಬಿಕೆಯ ಗ್ಯಾರೇಜಿಗೆ ಹೋಗುವುದರಲ್ಲಿ ತಪ್ಪಿಲ್ಲ. ಬಿಡಿಭಾಗವನ್ನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಂಡರೂ ಊರಿನ ಅಂಗಡಿಯಲ್ಲಿ ಕೊಂಡರೂ ಬಿಲ್ಲು ಕೇಳಿ ಪಡೆಯಿರಿ. ಕಾರು ಮಾರುವ ದಿನ ಆ ಬಿಲ್ಲುಗಳ ಕಟ್ಟು ನಿಮ್ಮ ಪರವಾಗಿ ಮಾತಾಡುತ್ತದೆ.

ಹಣ ಕೊಟ್ಟು ಅಪಾಯ ತರುವ ಖರ್ಚುಗಳೂ ಇವೆ. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇರುವ ಕಾರಿಗೆ ಬಿಗಿಯಾದ ಸೀಟ್ ಕವರ್ ಹೊಲಿಸಿದರೆ ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ದಾರಿಗೆ ಅದು ಅಡ್ಡವಾಗಬಹುದು. ಬಂಪರಿನ ಮುಂದೆ ಹಾಕಿಸುವ ಕಬ್ಬಿಣದ ಗಾರ್ಡುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ತಿಳಿಸಿತ್ತು. ಅವು ಪಾದಚಾರಿಗಳಿಗೂ ಕಾರಿನಲ್ಲಿದ್ದವರಿಗೂ ಅಪಾಯ. ಸೀಟ್ ಬೆಲ್ಟ್ ಸದ್ದು ನಿಲ್ಲಿಸುವ ಕ್ಲಿಪ್ಪುಗಳ ಮಾರಾಟ ನಿಲ್ಲಿಸಲು 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ಮಳಿಗೆಗಳಿಗೆ ಆದೇಶಿಸಿತು. ಬೆಲ್ಟ್ ಹಿಂದಿನ ಸೀಟಿಗೂ ಕಡ್ಡಾಯ. ಅಜ್ಜಿ, ಮಕ್ಕಳು, ಎಲ್ಲರೂ ಹಾಕಿಕೊಂಡ ಮೇಲೆಯೇ ನಮ್ಮ ಕಾರು ಹೊರಡುತ್ತದೆ. ಕಾಸು ಖರ್ಚಿಲ್ಲದೆ ಸಿಗುವ ಇಷ್ಟು ದೊಡ್ಡ ರಕ್ಷಣೆ ಕಾರಿನಲ್ಲಿ ಬೇರೊಂದಿಲ್ಲ.

ವಿಮೆಯ ಲೆಕ್ಕ

ಸಣ್ಣ ಗೀರು, ಕ್ಲೇಮ್ ಮಾಡೋಣ ಎನ್ನುವ ಮುನ್ನ ಪೆನ್ನು ಹಿಡಿಯಿರಿ. ಕ್ಲೇಮ್ ಮಾಡದವರಿಗೆ ಸ್ವಂತ ಹಾನಿಯ ಪ್ರೀಮಿಯಮ್ಮಿನಲ್ಲಿ ವರ್ಷದಿಂದ ವರ್ಷಕ್ಕೆ ಶೇ 20, 25, 35, 45, ಕೊನೆಗೆ 50ರಷ್ಟು ರಿಯಾಯಿತಿ ಸಿಗುತ್ತದೆ. ಇದೇ ಎನ್‌ಸಿಬಿ. ಆ ಪ್ರೀಮಿಯಂ 6,000 ರೂಪಾಯಿ ಎಂದಿಟ್ಟುಕೊಳ್ಳಿ, ಶೇ 50 ತಲುಪಿದವರು ಕಟ್ಟುವುದು 3,000. ಒಂದು ಕ್ಲೇಮ್ ಮಾಡಿದರೆ ಮತ್ತೆ ಸೊನ್ನೆಯಿಂದ ಶುರು. ಪ್ರೀಮಿಯಂ ಬದಲಾಗದಿದ್ದರೂ ಮುಂದಿನ ಐದು ವರ್ಷ ಹೆಚ್ಚಾಗಿ ಕಟ್ಟುವುದು 3,000, 1,800, 1,500, 900, 300. ಒಟ್ಟು 7,500 ರೂಪಾಯಿ. ಗೀರಿನ ದುರಸ್ತಿ 3,000 ಎಂದರೆ, 1,500 ಸಿಸಿವರೆಗಿನ ಕಾರಿಗೆ ನಾವೇ ಭರಿಸಬೇಕಾದ 1,000 ಕಳೆದು ಕೈಗೆ ಸಿಗುವುದು ಹೆಚ್ಚೆಂದರೆ 2,000. ವಿಮೆ ಇರುವುದು ದೊಡ್ಡ ಪೆಟ್ಟಿಗೆ, ಗೀರಿಗೆ ಎತ್ತಿಟ್ಟ ಖಾತೆ ಸಾಕು. ಪಾಲಿಸಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೂ ಈ ರಿಯಾಯಿತಿ ಹೋಗುತ್ತದೆ. ಆ ನಡುವೆ ವಿಮೆಯಿಲ್ಲದೆ ಕಾರು ಓಡಿಸುವುದು ಕಾನೂನಿಗೆ ವಿರುದ್ಧ, ಹಾಗಾಗಿ ಕೊನೆಯ ದಿನಕ್ಕೆ ಮುಂಚೆಯೇ ನವೀಕರಿಸಿ.

2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಹೊರವರ್ತುಲ ರಸ್ತೆಯ ಸುತ್ತ ಕಾರುಗಳು ಮುಳುಗಿದ್ದನ್ನು ನೋಡಿದ್ದೇವೆ. ನೀರಿನಲ್ಲಿ ನಿಂತ ಕಾರಿಗೆ ಕೀಲಿ ತಿರುಗಿಸಬಾರದು. ಎಂಜಿನ್ ಒಳಗೆ ಹೋದ ನೀರು ಪಿಸ್ಟನ್ ಎದುರು ಕುಗ್ಗುವುದಿಲ್ಲ, ಪಿಸ್ಟನ್ನಿನ ರಾಡ್ ಬಾಗುತ್ತದೆ. ಹೀಗಾದ ಎಂಜಿನ್ ಹಾನಿಯನ್ನು ಮಾಮೂಲಿ ಪಾಲಿಸಿ ಸಾಮಾನ್ಯವಾಗಿ ಭರಿಸುವುದಿಲ್ಲ, ಎಂಜಿನ್ ರಕ್ಷಣೆಯ ಹೆಚ್ಚುವರಿ ಕವರ್ ಬೇಕು. ತಗ್ಗು ಪ್ರದೇಶದಲ್ಲಿ ಮನೆಯಿರುವವರು ನವೀಕರಣದ ಹೊತ್ತಿಗೆ ಅದನ್ನು ಕೇಳಿ ಸೇರಿಸಿಕೊಳ್ಳಿ. ಕಾರು ಮುಳುಗಿದರೆ ಟೋ ಮಾಡಿಸಿ, ಸ್ಟಾರ್ಟ್ ಮಾಡಬೇಡಿ.

ಈ ಭಾನುವಾರ ಬೆಳಿಗ್ಗೆ ಕಾಫಿ ಆದ ಮೇಲೆ ಹದಿನೈದು ನಿಮಿಷ ಕಾರಿಗೆ ಕೊಡಿ. ಟೈರಿನ ತೋಡು ಮತ್ತು ತಯಾರಾದ ವರ್ಷ, ಆಯಿಲ್, ಕೂಲೆಂಟ್, ಎಲ್ಲ ದೀಪಗಳು, ವೈಪರ್ ನೋಡಿ. ಬ್ರೇಕ್ ಆಯಿಲ್ ಕೊನೆಯ ಸಲ ಯಾವಾಗ ಬದಲಾಯಿತು ಎಂದು ಹಳೆಯ ಬಿಲ್ಲಿನಲ್ಲಿ ಹುಡುಕಿ. ನಂತರ ನಿಮ್ಮ ಕಾರಿನ ನಾಲ್ಕನೆಯ ಸಾಲನ್ನು ಬರೆದು, ಬಂದ ಮೊತ್ತಕ್ಕೆ ಬ್ಯಾಂಕಿನಲ್ಲಿ ಒಂದು ಆರ್.ಡಿ. ತೆರೆಯಿರಿ. ಕಾರಿನ ಕಂತು ತಪ್ಪಿದರೆ ಬ್ಯಾಂಕಿನಿಂದ ಫೋನು ಬರುತ್ತದೆ. ಈ ಕಂತು ತಪ್ಪಿದರೆ ಯಾರೂ ಫೋನು ಮಾಡುವುದಿಲ್ಲ, ಆದ್ದರಿಂದ ಇದನ್ನು ಮೊದಲು ಕಟ್ಟಿ.